ದಸರೆಗೆ ಬಂದ ಮಗಳು, ಅಡುಗೆಮನೆ ಬಿಡದ ತಾಯಿ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಯಸ್ಸು, ಉದ್ಯೋಗ ಮತ್ತು ಮನೆಯ ಕೆಲವು ವಿವರಗಳನ್ನು ಬದಲಿಸಲಾಗಿದೆ.)

ಸಲಹೆಗೆ ಬಂದವರು ಕಲಬುರಗಿ ನಗರದ 57ರ ಗೃಹಿಣಿ. ಗಂಡ ನಿವೃತ್ತರು. ಒಬ್ಬಳೇ ಮಗಳಿಗೆ 28, ಬೆಂಗಳೂರಿನಲ್ಲಿ ನೌಕರಿ, ಮದುವೆಯಾಗಿಲ್ಲ. ದೂರು ಅವರ ಮಾತಿನಲ್ಲೇ: "ಆಕಿ ಬರ್ತಾಳಂದ್ರ ತಿಂಗಳ ಮೊದಲೇ ಜೀವ ಕುಣಿತದರಿ. ಬಂದ ಮೂರನೇ ದಿನಕ್ಕ ಇಬ್ಬರೂ ಮಾರಿ ತಿರುವಿ ಕೂಡ್ತೀವಿ. ಹೋದ ಮ್ಯಾಲ ಅಳ್ಕೋತ ಕೂಡ್ತೀನಿ."

ಮೊದಲ ಭೇಟಿಯಲ್ಲಿ ಅವರಿಗೆ ಒಂದು ಹಾಳೆ ಕೊಟ್ಟು, ಹಿಂದಿನ ದಸರೆಯಲ್ಲಿ ಮಗಳಿದ್ದ ನಾಲ್ಕು ದಿನಗಳನ್ನು ತಾಸು ತಾಸಾಗಿ ಬರೆಯಲು ಹೇಳಲಾಯಿತು. ರೊಟ್ಟಿ ಬಡಿದದ್ದು, ಹೂರಣ ರುಬ್ಬಿದ್ದು, ಖಂಡೆ ಪೂಜೆ (ಆಯುಧ ಪೂಜೆ), ದಶಮಿ ಸಂಜೆ ಬನ್ನಿ ಕೊಡಲು ಬಂದವರಿಗೆಲ್ಲ ಚಹಾ, ಮಗಳು ಒಯ್ಯಲಿ ಎಂದು ಕರ್ಚಿಕಾಯಿ ಕರಿದದ್ದು, ಹಾಳೆ ತುಂಬಿತು. ಮಗಳ ಪಕ್ಕದಲ್ಲಿ ಸುಮ್ಮನೆ ಕೂತದ್ದು ಎಷ್ಟು ಹೊತ್ತು ಎಂದು ಕೇಳಿದಾಗ ಅವರಿಗೆ ಒಂದು ತಾಸೂ ಸಿಗಲಿಲ್ಲ. ಸಿಕ್ಕ ಅಷ್ಟರಲ್ಲೇ ಎರಡು ಸಲ ಮದುವೆಯ ಮಾತು ತೆಗೆದಿದ್ದರು, ಎರಡೂ ಊಟಕ್ಕೆ ಕೂತಾಗ.

ಇಲ್ಲಿ ಸ್ವಲ್ಪ ನಿಲ್ಲಬೇಕು. "ಕೆಲಸ ಕಡಿಮೆ ಮಾಡಿ" ಎಂದಷ್ಟೇ ಹೇಳಿದರೆ ಇಂಥ ತಾಯಂದಿರು ಒಪ್ಪುವುದಿಲ್ಲ, ಒಪ್ಪಿದರೂ ಪಾಲಿಸುವುದಿಲ್ಲ. ಯಾಕೆಂದರೆ ಅಡುಗೆ ಅವರಿಗೆ ಪ್ರೀತಿಯೂ ಹೌದು, ಆಸರೆಯೂ ಹೌದು. ಹತ್ತು ವರ್ಷ ಹೊರಗೇ ಬೆಳೆದ ಮಗಳ ಹತ್ತಿರ ಏನು ಮಾತಾಡಬೇಕೆಂದು ಈ ತಾಯಿಗೆ ತಿಳಿಯುತ್ತಿರಲಿಲ್ಲ. ಆಕೆಯ ಕೆಲಸ ಅರ್ಥವಾಗದು, ಗೆಳೆಯರ ಪರಿಚಯವಿಲ್ಲ. ಒಲೆಯ ಮುಂದಿದ್ದರೆ ಈ ಅಳುಕು ಕಾಡುವುದಿಲ್ಲ. ಮದುವೆಯ ಪ್ರಶ್ನೆಯೂ ಹಾಗೆಯೇ, ಅವರಿಗೆ ಗೊತ್ತಿದ್ದ ವಿಷಯ ಅದೊಂದೇ. ಇದನ್ನು ಅವರಿಗೆ ನಿಧಾನವಾಗಿ ಕೇಳಿದೆವು, ಹೇಳಲಿಲ್ಲ. ಬಹಳ ಹೊತ್ತಿನ ಮೇಲೆ ಅವರೇ ಅಂದರು: "ಖರೇ ಹೇಳ್ಬೇಕಂದ್ರ, ಆಕಿ ಮುಂದ ಕೂತ್ರ ನನಗ ಅಂಜಿಕಿ ಬರ್ತದರಿ."

ಹಾಗಾಗಿ ಸಲಹೆ ಅಡುಗೆ ಬಿಡಿಸುವುದಾಗಿರಲಿಲ್ಲ, ಅದನ್ನು ಮಗಳ ಬರುವಿಕೆಯ ಮೊದಲಿಗೆ ತಳ್ಳುವುದಾಗಿತ್ತು. ಶೇಂಗಾ ಹಿಂಡಿ, ಖಡಕ್ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ನೀರು ತಾಗದಂತೆ ಡಬ್ಬಿಯಲ್ಲಿಟ್ಟರೆ ವಾರವಾದರೂ ಕೆಡುವುದಿಲ್ಲ, ಅವೆಲ್ಲ ಮೊದಲೇ ಆಗಲಿ. ದಿನದ ಬಿಸಿ ರೊಟ್ಟಿಯನ್ನು ಆ ನಾಲ್ಕು ದಿನ ಓಣಿಯಲ್ಲಿ ರೊಟ್ಟಿ ಮಾಡಿ ಮಾರುವವರಿಂದ ತರಿಸಿ. ಹೂರಣದ ಹೋಳಿಗೆ ಒಂದೇ ಸಲ: ಪಾವ್ ಕಿಲೋ ಕಡ್ಲಿಬ್ಯಾಳಿ, ಅಷ್ಟೇ ಬೆಲ್ಲ, ಅದಕ್ಕಿಂತ ಹೆಚ್ಚಿಗೆ ಬೇಡ. ಅದನ್ನು ಮಗಳ ಜೊತೆಗೇ ಮಾಡಿ. ಎದುರುಬದುರು ಕೂತು ಮಾತಾಡಲು ಅಂಜುವವರಿಗೆ ಕೈಗೆ ಕೆಲಸವಿದ್ದು ಪಕ್ಕದಲ್ಲಿ ಕೂತಾಗ ಮಾತು ಬರುತ್ತದೆ. ಪುಂಡಿಪಲ್ಯ ಸೋಸುವುದು ಇದಕ್ಕೆ ಎಲ್ಲಕ್ಕಿಂತ ಒಳ್ಳೆಯದು. ಎಲೆ ಬಿಡಿಸಲು ಅರ್ಧ ತಾಸು ಹಿಡಿಯುತ್ತದೆ, ಕಣ್ಣು ಎಲೆಯ ಮೇಲಿರುತ್ತದೆ.

ದಿನವನ್ನೂ ಬದಲಿಸಲು ಹೇಳಿದೆವು. ನವಮಿ, ದಶಮಿಗೆ ಮನೆ ಮಂದಿಯಿಂದ ತುಂಬಿರುತ್ತದೆ. ದಶಮಿ ಕಳೆದು ಸೀಗಿ ಹುಣ್ಣಿಮೆಯವರೆಗಿನ ಐದು ದಿನ ಮನೆ ತಣ್ಣಗಿರುತ್ತದೆ, ಮಳೆ ಹಿಂದೆ ಸರಿದಿರುತ್ತದೆ, ಹುಣ್ಣಿಮೆಗೆ ಹೊಲಕ್ಕೆ ಚರಗ (ಭೂಮಿತಾಯಿಗೆ ಎಡೆ) ಚೆಲ್ಲಲು ಹೋದರೆ ತೊಗರಿ ಹೂವಿಗೆ ಬರುವ ಹೊತ್ತು. ರಜೆ ಸಿಗುವಂತಿದ್ದರೆ ಮಗಳು ಆಗ ಬರುವುದು ಮೇಲು.

ಮಗಳು ಬರುವ ಒಂದು ವಾರ ಮೊದಲು ಫೋನಿನಲ್ಲಿ ಮೂರೇ ಪ್ರಶ್ನೆ: ಯಾವ ದಿನ ಆಫೀಸಿನ ಕೆಲಸ ಇರುತ್ತದೆ, ಏನು ತಿನ್ನಬೇಕನಿಸಿದೆ, ಯಾರನ್ನು ನೋಡಬೇಕು. ಮೂರನೆಯದಕ್ಕೆ "ಯಾರನ್ನೂ ಬ್ಯಾಡ" ಎಂದರೆ ಹಾಗೆಯೇ ಆಗಲಿ. ರಾತ್ರಿ ರೈಲಿಗೆ ಬಂದವಳು ಮೊದಲ ದಿನ ಮಧ್ಯಾಹ್ನದವರೆಗೆ ಮಲಗುತ್ತಾಳೆ, ಅದು ದಣಿವು, ತಾತ್ಸಾರವಲ್ಲ. ಎಬ್ಬಿಸಬೇಡಿ.

ತಂದೆಗೂ ಒಂದು ಪಾಲು. ಸ್ಟೇಷನ್ನಿಗೆ ಅವರೊಬ್ಬರೇ ಹೋಗಿ ಕರೆತರುವುದು, ಒಂದು ಬೆಳಿಗ್ಗೆ ಮಗಳೊಂದಿಗೆ ನಗರದ ಅಪ್ಪನ ಕೆರೆಯ ಕಡೆ ನಡೆದು ಬರುವುದು. ಪಗಾರದ ವಿಚಾರ ಕೇಳದಿರುವುದು.

ಮದುವೆಯ ಮಾತನ್ನು ಪೂರ್ತಿ ನಿಷೇಧಿಸಲಿಲ್ಲ. ನುಂಗಿಕೊಂಡ ಮಾತು ಮುಖದಲ್ಲಿ ಕಾಣುತ್ತದೆ, ಮಗಳಿಗೆ ತಿಳಿದೇ ತಿಳಿಯುತ್ತದೆ. ಬದಲಿಗೆ ಒಂದೇ ಸಲ, ಅಪ್ಪಣೆ ಕೇಳಿ: "ಮದುವಿ ವಿಷಯ ಒಂದಿನ ಮಾತಾಡೋಣೇನವ್ವ? ಯಾವಾಗಂತ ನೀನೇ ಹೇಳು. ಬ್ಯಾಡಂದ್ರ ಈ ಸಲ ಬಿಡೋಣ." ಇದನ್ನು ಭೇಟಿಯಲ್ಲೇ ನಾಲ್ಕೈದು ಸಲ ಹೇಳಿ ರೂಢಿ ಮಾಡಿಸಲಾಯಿತು, ಯಾಕೆಂದರೆ ಕೊನೆಯ ಸಾಲು ಅವರ ಬಾಯಿಗೆ ಬರುತ್ತಿರಲಿಲ್ಲ. ಬೇಡವೆಂದ ಮೇಲೆ ಚಿಗವ್ವನ ಅಥವಾ ಅತ್ತೆಯ ಬಾಯಿಂದ ಕೇಳಿಸಬಾರದು. ಬಹಳ ಮನೆಗಳಲ್ಲಿ ಕೆಲಸ ಕೆಡುವುದೇ ಇಲ್ಲಿ. ಮಗಳಿಗೆ ತಾಯಿಯ ಒಪ್ಪಿಗೆಯಿಂದಲೇ ಮಾತು ಬಂತೆಂದು ಗೊತ್ತಾಗುತ್ತದೆ, ಆಮೇಲೆ ತಾಯಿ ಕೊಟ್ಟ ಮಾತಿಗೆ ಬೆಲೆ ಇರುವುದಿಲ್ಲ.

ಮಗಳು ಹೋದ ಮೇಲಿನ ಭೇಟಿಯಲ್ಲಿ ತಿಳಿದದ್ದು: ಎರಡನೆಯ ಸಂಜೆ ತಾಯಿಯ ಅಕ್ಕ ವರನ ಫೋಟೋ ಹಿಡಿದು ಬಂದರು. ತಾಯಿ ಮಗಳ ಎದುರಿಗೇ "ಅಕ್ಕ, ಈ ಸಲ ಆ ಮಾತು ಬ್ಯಾಡ" ಎಂದರು. ಅಕ್ಕ ಮುನಿಸಿಕೊಂಡು ಹೋದರು, ಆ ಮುನಿಸು ಇನ್ನೂ ಇಳಿದಿಲ್ಲ. ಮರುದಿನ ಪಲ್ಯ ಸೋಸುವಾಗ ಮಗಳು ಆಫೀಸಿನಲ್ಲಿ ಆರು ತಿಂಗಳಿಂದ ನಡೆದಿರುವ ಕಿರಿಕಿರಿಯನ್ನು ಮೊದಲ ಸಲ ಹೇಳಿದಳು. ತಾಯಿ ಪರಿಹಾರ ಹೇಳಲಿಲ್ಲ, "ಮುಂದ ಏನಾಯ್ತು?" ಎಂದು ಕೇಳುತ್ತ ಹೋದರು. ಮದುವೆಯ ಬಗ್ಗೆ ಅಪ್ಪಣೆ ಕೇಳಿದಾಗ ಆಕೆ ಬೇಡ ಎಂದಳು. ತಾಯಿಗೆ ನೋವಾಯಿತು, ಆದರೂ ಬಿಟ್ಟರು.

ಹೊರಡುವ ದಿನಕ್ಕೂ ಒಂದು ಸಲಹೆ ಇತ್ತು. ಗಂಟು ಹಿಂದಿನ ರಾತ್ರಿಯೇ ಕಟ್ಟಿ, ಮಗಳು ಎತ್ತಬಹುದಾದಷ್ಟೇ. ಮುಂದಿನ ಸಲ ಯಾವಾಗ ಎಂದು ಅಂದಾಜಿನ ತಿಂಗಳನ್ನಾದರೂ ಮಾತಾಡಿಕೊಳ್ಳಿ. ಫೋನಿಗೆ ವಾರದಲ್ಲಿ ಎರಡು ಹೊತ್ತು ಗೊತ್ತು ಮಾಡಿ. ಮಗಳು ಹೋದ ಮೇಲೆ ಒಂದೆರಡು ದಿನ ಮನೆ ಬಣಗುಡುವುದು ಸಹಜ. ಎರಡು ವಾರ ಕಳೆದರೂ ನಿದ್ದೆ, ಹಸಿವು ಮರಳದಿದ್ದರೆ, ಯಾವುದರಲ್ಲೂ ಮನಸ್ಸಿಲ್ಲದಿದ್ದರೆ ಅದು ಬರೀ ನೆನಪಲ್ಲ. ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಬೇಕು, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬೇಕು. ಕನ್ನಡದಲ್ಲಿ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ.

ಈ ಸಲಹೆ ಎಲ್ಲ ಮನೆಗೂ ಹೊಂದದು. ಮದುವೆಯಾದ ಮಗಳು ಹೇಳದೆ ಕೇಳದೆ ಬಂದು, ಗಂಡನ ಕರೆ ಬಂದಾಗ ಬೆಚ್ಚಿದರೆ, ಮೈಮೇಲೆ ಗಾಯ ಕಂಡರೆ, ವಾಪಸ್ ಹೋಗುವ ಮಾತೆತ್ತದಿದ್ದರೆ ಸುಮ್ಮನಿರುವುದು ತಪ್ಪು. ಬೇರೆ ಯಾರೂ ಇಲ್ಲದಾಗ "ನಿನಗ ಯಾರರೆ ಹೊಡಿತಾರೇನವ್ವ?" ಎಂದು ನೇರವಾಗಿ ಕೇಳಿ. ಹೌದೆಂದರೆ ಅಳಿಯನಿಗೆ ಬುದ್ಧಿ ಹೇಳಿ ಕಳಿಸುವ ಅವಸರ ಬೇಡ, ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ.