ಅಣ್ಣನ ಮನೆಗೆ ಹೊರಟವರ ಮುಂಬಯಿ

ಪ್ರಶ್ನೆ: ಅಕ್ಕ, ನನ್ನ ಅಣ್ಣ ಡೊಂಬಿವಲಿಯಲ್ಲಿದ್ದಾನೆ. ಹಬ್ಬಕ್ಕೋ ಮದುವೆಗೋ ಅವನೇ ಊರಿಗೆ ಬರುವುದು ರೂಢಿಯಾಗಿ, ನಾನು ಇದುವರೆಗೆ ಅವನ ಮನೆಯ ಹೊಸಿಲು ದಾಟಿಲ್ಲ. ಈ ಡಿಸೆಂಬರಿನಲ್ಲಿ ನಾಲ್ಕು ದಿನದ ಮಟ್ಟಿಗೆ ಹೋಗೋಣವೆಂದಿದ್ದೇವೆ. ಮಗಳಿಗೆ ಐದೂವರೆ ವರ್ಷ, ಯುಕೆಜಿ ಓದುತ್ತಿದ್ದಾಳೆ, ರೈಲು ಹತ್ತಿದವಳೇ ಅಲ್ಲ. ನಮ್ಮ ಯಜಮಾನರು ಆಗಲೇ ಪಟ್ಟಿ ಬರೆದಿಟ್ಟಿದ್ದಾರೆ: ಗೇಟ್‌ವೇ, ಎಲಿಫೆಂಟಾ, ಸಿದ್ಧಿವಿನಾಯಕ, ಮಹಾಲಕ್ಷ್ಮಿ, ಜುಹೂ, ಫಿಲ್ಮ್ ಸಿಟಿ. ಅಣ್ಣನದು ಒಂದೇ ಮಲಗುವ ಕೋಣೆಯ ಮನೆ, ಅತ್ತಿಗೆಯೂ ಕೆಲಸಕ್ಕೆ ಹೋಗುತ್ತಾರೆ, ಅವರ ಮಗ ಶಾಲೆಗೆ ಹೋಗುತ್ತಾನೆ. ನಾವು ಲಾಡ್ಜಿನಲ್ಲಿ ಉಳಿದುಕೊಳ್ಳುವುದು ಮೇಲೇ? ಲೋಕಲ್ ರೈಲಿನಲ್ಲಿ ಮಗುವನ್ನು ಹೇಗೆ ಕರೆದುಕೊಂಡು ಹೋಗುವುದು?
– ಒಬ್ಬ ಓದುಗರು, ಕುಂದಾಪುರ

ಉತ್ತರ: ಲಾಡ್ಜ್ ಎಂಬ ಮಾತು ಅಣ್ಣನ ಕಿವಿಗೆ ಬೀಳುವ ಮೊದಲೇ ಅದನ್ನು ಅಲ್ಲಿಗೇ ಬಿಟ್ಟುಬಿಡಿ, ತಂಗಿ. ನನ್ನ ಅರ್ಧ ಆಯುಷ್ಯ ಮುಲುಂಡಿನ ಒಂದು ರೂಮು, ಒಂದು ಅಡುಗೆಮನೆಯಲ್ಲಿ ಕಳೆದಿದೆ. ಊರಿನವರು ಬಂದರೆ ಮಲಗಲು ಜಾಗವಿಲ್ಲ ಎಂದು ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಮಂಚದ ಮೇಲೆ ಇಬ್ಬರು, ಕೆಳಗೆ ಸಾಲಾಗಿ ಉಳಿದವರು, ಅಷ್ಟೇ. ಮುಂಬಯಿ ಮನೆಯಲ್ಲಿ ನೆಂಟರು ಭಾರವಾಗುವುದು ರಾತ್ರಿ ಅಲ್ಲ, ಬೆಳಿಗ್ಗೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಊರಿನವರಿಗೆ ಇದು ಅಂದಾಜಿಗೆ ಬರುವುದಿಲ್ಲ. ನಿಮ್ಮ ಅತ್ತಿಗೆ ಹಿಡಿಯುವ ಲೋಕಲ್ ಎಂಟು ಗಂಟೆಯದಲ್ಲ, ಏಳು ಐವತ್ತೆರಡರದೋ ಎಂಟು ಹದಿನಾಲ್ಕರದೋ ಆಗಿರುತ್ತದೆ. ಅದು ತಪ್ಪಿದರೆ ಮುಂದಿನದರಲ್ಲಿ ನಿಲ್ಲಲೂ ಜಾಗವಿಲ್ಲ. ಅವರು ಏಳುವ ಹೊತ್ತು, ನಲ್ಲಿಯಲ್ಲಿ ನೀರು ಬರುವ ಹೊತ್ತು, ಕುಕ್ಕರ್ ಇಡುವ ಹೊತ್ತು, ಮಗನ ಶಾಲೆಯ ಬಸ್ಸಿನ ಹೊತ್ತು ಎಲ್ಲವೂ ಆ ಒಂದು ಗಾಡಿಗೆ ಹೊಂದಿಕೊಂಡು ಕೂತಿರುತ್ತವೆ. ಆದ್ದರಿಂದ ಬೆಳಿಗ್ಗೆ ಐದೂವರೆಯಿಂದ ಎಂಟರ ತನಕ ಸ್ನಾನದ ಮನೆ ಅವರದು. ನೀವು ಮೂವರೂ ಅವರೆಲ್ಲ ಹೊರಟ ಮೇಲೆ ಮೀಯಿರಿ, ಅವರು ತುಂಬಿಸಿಟ್ಟ ನೀರಿನಲ್ಲಿ ಊರಿನ ಹಂಡೆ ಸ್ನಾನ ಮಾಡಬೇಡಿ. 'ನಾನು ಚಪಾತಿ ಲಟ್ಟಿಸಿಕೊಡುತ್ತೇನೆ ಅತ್ತಿಗೆ' ಎಂದು ಆ ಗಡಿಬಿಡಿಯಲ್ಲಿ ಅಡುಗೆಮನೆಗೆ ನುಗ್ಗುವುದೂ ಬೇಡ, ಅಲ್ಲಿ ಇಬ್ಬರು ನಿಂತರೆ ಮೂರನೆಯವರು ಕಪಾಟು ತೆರೆಯಲಾರರು. ಬದಲಿಗೆ ರಾತ್ರಿಯ ಅಡುಗೆ ನೀವು ವಹಿಸಿಕೊಳ್ಳಿ. ಏಳೂವರೆಗೆ ಬೆವರಿ ಮನೆಗೆ ಬಂದ ಹೆಂಗಸಿಗೆ ಬಿಸಿ ಗಂಜಿಯೂ ಹುರುಳಿ ಸಾರೂ ಕಾದಿದ್ದರೆ, ನಿಮ್ಮ ಮಗಳು ಗೋಡೆಯ ಮೇಲೆ ಚಿತ್ರ ಬರೆದದ್ದನ್ನೂ ಆಕೆ ಕ್ಷಮಿಸುತ್ತಾರೆ.

ಡಿಸೆಂಬರ್ ಆರಿಸಿಕೊಂಡದ್ದು ಒಳ್ಳೆಯದಾಯಿತು. ನಮ್ಮಲ್ಲಿ ದಸರಾ ರಜೆ ಎಂದು ಅಕ್ಟೋಬರಿನಲ್ಲಿ ಹೊರಡುವವರೇ ಹೆಚ್ಚು. ಆಗ ಮುಂಬಯಿಯಲ್ಲಿ ಬೇಸಿಗೆಯಂಥ ಸೆಖೆ, ಮೇಲಾಗಿ ಅಲ್ಲಿನ ಶಾಲೆಗಳಿಗೆ ದೊಡ್ಡ ರಜೆ ದೀಪಾವಳಿಗೇ. ನಿಮ್ಮ ಮಗು ಅಣ್ಣನ ಮಗನೊಡನೆ ಆಡಬೇಕೆಂದು ಹೋದರೆ ಅವನು ದಿನವಿಡೀ ಶಾಲೆಯಲ್ಲಿರುತ್ತಾನೆ. ಅಲ್ಲಿನ ಶಾಲೆಗೆ ಕ್ರಿಸ್‌ಮಸ್ ರಜೆ ಯಾವತ್ತಿನಿಂದ ಎಂದು ಕೇಳಿ, ಆ ದಿನಗಳಿಗೆ ಟಿಕೆಟ್ ಮಾಡಿಸಿ. ನಿಮ್ಮವಳ ಯುಕೆಜಿ ನಾಲ್ಕು ದಿನ ತಪ್ಪಿದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ.

ಟಿಕೆಟ್ ಅಂದೆನಲ್ಲ, ಈಗ ರೈಲಿನಲ್ಲಿ ಮುಂಗಡ ಕಾಯ್ದಿರಿಸಲು ಸಿಗುವುದು 60 ದಿನ ಮಾತ್ರ, ಮೊದಲಿನ 120 ಅಲ್ಲ. 2024ರ ನವೆಂಬರಿನಿಂದ ಹೀಗಾಗಿದೆ. ವರ್ಷದ ಕೊನೆಯ ವಾರಕ್ಕೆ ಕರಾವಳಿಯ ಗಾಡಿಗಳು ಬೇಗ ತುಂಬುತ್ತವೆ, ಅರವತ್ತನೆಯ ದಿನ ಬೆಳಿಗ್ಗೆ ಎಂಟಕ್ಕೇ ಕುಳಿತುಕೊಳ್ಳಿ. ಐದು ತುಂಬದ ಮಕ್ಕಳಿಗೆ ಟಿಕೆಟ್ ಬೇಡ. ನಿಮ್ಮವಳಿಗೆ ಐದು ದಾಟಿದೆ, ಅರ್ಧ ದರ ಕೊಟ್ಟರೆ ಮಲಗುವ ಜಾಗ ಸಿಗುವುದಿಲ್ಲ, ಪೂರ್ತಿ ದರ ಕೊಟ್ಟರೆ ಸಿಗುತ್ತದೆ. ಪೂರ್ತಿಯೇ ಕೊಡಿ. ಕೆಳಗಿನ ಬರ್ತಿನಲ್ಲಿ ತಾಯಿ ಮಗು ಇಬ್ಬರೂ ಮಲಗಿದರೆ ತಾಯಿಗೆ ಮಲಗಿದಂತಲ್ಲ, ಕಾವಲು ಕೂತಂತೆ. ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಿನಲ್ಲಿ ಹೊರಟರೆ ಮಗಳನ್ನು ಎಡಗಡೆಯ ಕಿಟಕಿಗೆ ಕೂರಿಸಿ, ಕಡಲು ಆ ಬದಿಗೆ. ಗಾಡಿ ಹೊತ್ತಿಗೆ ಸರಿಯಾಗಿ ಓಡಿದರೆ ಹೊನ್ನಾವರದ ಶರಾವತಿ ಸೇತುವೆಯನ್ನು ಬೆಳಕಿರುವಾಗಲೇ ದಾಟುತ್ತೀರಿ. ಎರಡು ಕಿಲೋಮೀಟರಿಗೂ ಉದ್ದ, ಕೊಂಕಣ ರೈಲ್ವೆಯಲ್ಲೇ ಅದಕ್ಕಿಂತ ಉದ್ದದ ಸೇತುವೆ ಇಲ್ಲ. ಅಲ್ಲಿಯ ತನಕ ಅವಳಿಗೆ ಮೊಬೈಲ್ ಕೊಡಬೇಡಿ. ಆಮೇಲೆ ಕತ್ತಲು, ಸುರಂಗ, ನಿದ್ದೆ. ಬುತ್ತಿಗೆ ಕೊಟ್ಟೆ ಕಡುಬು, ಚಟ್ನಿಪುಡಿ ಸಾಕು. ಹಸಿ ತೆಂಗಿನಕಾಯಿ ಚಟ್ನಿ ಕಾರವಾರ ದಾಟುವಷ್ಟರಲ್ಲಿ ಹಳಸುತ್ತದೆ.

ಇಳಿಯುವುದು ಕುರ್ಲಾದ ಟರ್ಮಿನಸ್‌ನಲ್ಲಿ ಅಲ್ಲ, ಥಾಣೆಯಲ್ಲಿ. ಅಲ್ಲಿಂದ ಡೊಂಬಿವಲಿಗೆ ಸುಮಾರು ಇಪ್ಪತ್ತು ನಿಮಿಷ, ಅದೂ ಬೆಳಗಿನ ಜಾವ ಜನ ಹೋಗುವ ದಿಕ್ಕಿಗೆ ಎದುರಾಗಿ. ಊರೆಲ್ಲ ವೀಟಿ ಕಡೆಗೆ ನುಗ್ಗುತ್ತಿರುವಾಗ ನೀವು ಕಲ್ಯಾಣದ ಕಡೆಗೆ ಆರಾಮಾಗಿ ಕುಳಿತು ಹೋಗುತ್ತೀರಿ. (ಸಿಎಸ್‌ಎಂಟಿ, ಅಂದರೆ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಎಂದು ಬರೆಯಬೇಕು, ನನ್ನ ಬಾಯಿಗೆ ಇನ್ನೂ ವೀಟಿ ಎಂದೇ ಬರುತ್ತದೆ.) 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ಈ ದೇಶದ ಮೊದಲ ಪ್ರಯಾಣಿಕರ ರೈಲು ಬಂದು ನಿಂತದ್ದು ಇದೇ ಥಾಣೆಯಲ್ಲಿ. ಜೀವನದ ಮೊದಲ ರೈಲಿನಿಂದ ಅಲ್ಲೇ ಇಳಿಯುವ ಹುಡುಗಿಗೆ ಅವಳಪ್ಪ ಈ ಕಥೆ ಹೇಳಲಿ, ಪಟ್ಟಿ ಬರೆಯುವುದಕ್ಕಿಂತ ಅದು ಮೇಲು.

ಇನ್ನು ಆ ಪಟ್ಟಿ. ಜುಹೂ ಪಶ್ಚಿಮ ರೈಲ್ವೆಯ ಕಡೆ, ಡೊಂಬಿವಲಿ ಮಧ್ಯ ರೈಲ್ವೆಯ ಕಡೆ. ದಾದರಿನಲ್ಲಿ ಇಳಿದು, ಸೇತುವೆ ಹತ್ತಿ, ಇನ್ನೊಂದು ಗಾಡಿ ಹಿಡಿದು, ಮತ್ತೆ ರಿಕ್ಷಾ. ಮರವಂತೆಯ ಕಡಲನ್ನು ಮನೆಯ ಹತ್ತಿರವೇ ಇಟ್ಟುಕೊಂಡವರು ಇಷ್ಟೆಲ್ಲ ಪಾಡುಪಟ್ಟು ಜುಹೂ ಮರಳು ತುಳಿಯಬೇಕೇ? ಹೊಡೆದುಹಾಕಿ. ಫಿಲ್ಮ್ ಸಿಟಿಯನ್ನೂ ಹೊಡೆದುಹಾಕಿ. ಸಿದ್ಧಿವಿನಾಯಕನಿಗೆ ಯಜಮಾನರು ಅಣ್ಣನೊಡನೆ ಒಂದು ನಸುಕಿನಲ್ಲಿ ಹೋಗಿ ಬರಲಿ, ಮಂಗಳವಾರ ಮಾತ್ರ ಬೇಡ, ಅಂದಿನ ಸಾಲು ಮಕ್ಕಳೊಂದಿಗರಿಗಲ್ಲ. ಎಲಿಫೆಂಟಾಕ್ಕೆ ದೋಣಿಯಲ್ಲಿ ಹೆಚ್ಚುಕಡಿಮೆ ಒಂದು ಗಂಟೆ, ಇಳಿದ ಮೇಲೆ ನೂರಕ್ಕೂ ಹೆಚ್ಚು ಮೆಟ್ಟಿಲು, ಮೇಲೆ ಹೋದರೆ ತ್ರಿಮೂರ್ತಿ. ನಾನು ಕೈಮುಗಿದು ನಿಂತ ಜಾಗ ಅದು. ಆದರೆ ಐದೂವರೆ ವರ್ಷದವಳು ಅಲ್ಲಿ ನೋಡುವುದು ಕೋತಿಗಳನ್ನು, ಇಳಿಯುವಾಗ ಹೊತ್ತುಕೊಳ್ಳಬೇಕಾದದ್ದು ಅವಳಪ್ಪ.

ಅದರ ಬದಲು ಒಂದು ಪೂರ್ತಿ ದಿನ ಬೈಕಲಾದ ರಾಣಿ ಬಾಗಿಗೆ ಕೊಡಿ. ವೀರಮಾತಾ ಜೀಜಾಬಾಯಿ ಭೋಸಲೆ ಉದ್ಯಾನ ಎಂಬುದು ಅದರ ಈಗಿನ ಹೆಸರು, ಟ್ಯಾಕ್ಸಿಯವನಿಗೆ ರಾಣಿ ಬಾಗ್ ಎಂದರೇ ತಿಳಿಯುವುದು. ಬುಧವಾರ ಬಾಗಿಲು ಹಾಕಿರುತ್ತದೆ, ಇದನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಳ್ಳಿ. 2016ರಲ್ಲಿ ತಂದ ಹಂಬೋಲ್ಟ್ ಪೆಂಗ್ವಿನ್‌ಗಳ ಸಂಸಾರ ಈಗ ಬೆಳೆದಿದೆ. ಗಾಜಿನ ಆಚೆ ಅವು ನೀರಿಗೆ ಬಿದ್ದು ಬಾಣದಂತೆ ಹೋಗುವುದನ್ನು ನೋಡುತ್ತ ಮಕ್ಕಳು ಅಲ್ಲಿಂದ ಕದಲುವುದಿಲ್ಲ. ಕದಲಿಸಬೇಡಿ. ಹುಲಿ ನೋಡಲಿಲ್ಲ, ಕರಡಿ ನೋಡಲಿಲ್ಲ ಎಂದು ಕೈಹಿಡಿದು ಎಳೆಯುವ ತಂದೆತಾಯಿಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಪ್ರಾಣಿಗಳನ್ನು ಎಣಿಸಿ ಮುಗಿಸಲು ಬಂದವರೇ ನಾವು? ಉದ್ಯಾನಕ್ಕೆ ತಾಗಿಕೊಂಡೇ 1872ರ ಕಾಲದ ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯವಿದೆ. ಅದರ ಆವರಣದಲ್ಲಿ ಕಲ್ಲಿನ ಒಂದು ದೊಡ್ಡ ಆನೆ ನಿಂತಿದೆ. ಘಾರಾಪುರಿ ದ್ವೀಪದಲ್ಲಿದ್ದ ಈ ಆನೆಯನ್ನು ಕಂಡೇ ಪೋರ್ಚುಗೀಸರು ಆ ದ್ವೀಪವನ್ನು ಎಲಿಫೆಂಟಾ ಎಂದದ್ದು. ಬ್ರಿಟಿಷರು ಅದನ್ನು ಇಂಗ್ಲೆಂಡಿಗೆ ಸಾಗಿಸಲು ಎತ್ತಿದಾಗ ಅದು ಬಿದ್ದು ಚೂರಾಯಿತು, ಆ ಚೂರುಗಳನ್ನು ಜೋಡಿಸಿ ನಿಲ್ಲಿಸಿದ್ದು ಇದು. ಯಜಮಾನರ ಎಲಿಫೆಂಟಾ ಹೀಗೆ ದೋಣಿ ಹತ್ತದೆಯೇ ಆಯಿತಲ್ಲ.

ಗೇಟ್‌ವೇ ಇನ್ನೊಂದು ದಿನ. ಸಿಎಸ್‌ಎಂಟಿಯಲ್ಲಿ ಇಳಿದ ಮೇಲೆ ಟ್ಯಾಕ್ಸಿ ಬೇಡ, ಮಹಡಿ ಬಸ್ಸು ಹುಡುಕಿ. ಹಳೆಯ ಕೆಂಪು ಡೀಸೆಲ್ ಮಹಡಿ ಬಸ್ಸುಗಳು 2023ರ ಸೆಪ್ಟೆಂಬರಿನಲ್ಲಿ ನಿವೃತ್ತಿಯಾದವು, ಅದೇ ವರ್ಷ ಬಂದ ವಿದ್ಯುತ್ ಬಸ್ಸುಗಳು ತಣ್ಣಗಿವೆ. ಮಹಡಿಯ ಮುಂದಿನ ಸೀಟಿನಲ್ಲಿ ನಿಮ್ಮ ಮಗಳಿಗೂ ಅವಳ ಅಣ್ಣನಿಗೂ ಜಾಗ ಸಿಕ್ಕರೆ, ಅವರ ಪಾಲಿಗೆ ಮುಂಬಯಿ ಅಲ್ಲಿಗೆ ಮುಗಿಯಿತು. ಬರುವಾಗ ಮಾಟುಂಗದಲ್ಲಿ ಇಳಿದು, ಸ್ಟೇಷನ್ನಿನ ಹತ್ತಿರವೇ ಇರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಊಟ ಮಾಡಿ. 1942ರ ಹೋಟೆಲು, ಬಾಳೆ ಎಲೆ ಊಟ. ವೇಗದ ಲೋಕಲ್ ಮಾಟುಂಗದಲ್ಲಿ ನಿಲ್ಲುವುದಿಲ್ಲ, ನಿಧಾನದ್ದನ್ನೇ ಹತ್ತಬೇಕು.

ಲೋಕಲಿನ ಬಗ್ಗೆ ಹೆದರಿಕೆ ಬೇಡ, ಹೊತ್ತಿನ ಲೆಕ್ಕ ಬೇಕು. ಹನ್ನೊಂದರ ನಂತರ ಡೊಂಬಿವಲಿಯಿಂದಲೇ ಹೊರಡುವ ನಿಧಾನದ ಗಾಡಿ ಹಿಡಿದರೆ ಕಿಟಕಿಯೇ ಸಿಗುತ್ತದೆ. ಸಂಜೆ ನಾಲ್ಕಕ್ಕೆ ಮರಳಿ ಗಾಡಿಯಲ್ಲಿರಬೇಕು, ಐದೂವರೆಗೆ ಅಲ್ಲ. ಪೆಂಗ್ವಿನ್ ಬಿಟ್ಟು ಬರುವುದಿಲ್ಲ ಎಂದು ಮಗಳು ಅತ್ತರೂ ಈ ಒಂದು ವಿಷಯದಲ್ಲಿ ಕರಗಬೇಡಿ. ನೀವೂ ಮಗಳೂ ಹೆಂಗಸರ ಡಬ್ಬಿಯಲ್ಲಿ ಹೋಗಿ, ಯಾರಾದರೂ 'ಬೈಠೋ ಬೇಟಾ' ಎಂದು ಸರಿದು ಜಾಗ ಕೊಡುತ್ತಾರೆ. ಯಜಮಾನರು ಬೇರೆ ಡಬ್ಬಿಯಲ್ಲಿರುತ್ತಾರಾದ್ದರಿಂದ ಎಲ್ಲಿ ಇಳಿಯುವುದು, ಇಳಿದು ಯಾವ ಕಂಬದ ಹತ್ತಿರ ನಿಲ್ಲುವುದು ಎಂದು ಹತ್ತುವ ಮೊದಲೇ ಮಾತಾಡಿಕೊಳ್ಳಿ. ಅಣ್ಣನಿಗೆ ರಜೆ ಭಾನುವಾರ, ರೈಲ್ವೆಯವರು ಹಳಿ ರಿಪೇರಿಗೆಂದು ಗಾಡಿಗಳನ್ನು ತಡೆಯುವ ಮೆಗಾ ಬ್ಲಾಕ್ ಇಡುವುದೂ ಭಾನುವಾರವೇ, ಸಾಮಾನ್ಯವಾಗಿ ಹನ್ನೊಂದರಿಂದ ನಾಲ್ಕರ ತನಕ. ಭಾನುವಾರ ಎಲ್ಲಿಗೂ ಹೋಗಬೇಡಿ. ಅಣ್ಣನೊಡನೆ ಚಹಾ ಕುಡಿಯುತ್ತ ಅಪ್ಪನ ಕಾಲದ ಗದ್ದೆಯ ತಕರಾರೋ, ಯಾರ ಮನೆಯ ಮದುವೆಯೋ, ಮಾತಾಡುತ್ತ ಕೂತಿರಿ. ಮಕ್ಕಳು ಕಟ್ಟಡದ ಕೆಳಗೆ ಸ್ಕೂಟರುಗಳ ನಡುವೆ ಕ್ರಿಕೆಟ್ ಆಡಲಿ. ಅವನು ಮರಾಠಿ, ಹಿಂದಿ ಬೆರೆಸಿ ಮಾತಾಡುತ್ತಾನೆ, ಇವಳು ಕುಂದಾಪುರದವಳು. ಅರ್ಧ ಗಂಟೆಯಲ್ಲಿ ಇಬ್ಬರೂ ದಾರಿ ಕಂಡುಕೊಳ್ಳುತ್ತಾರೆ. 'ನಿನಗೆ ಕನ್ನಡ ಬರುವುದಿಲ್ಲವಾ?' ಎಂದು ಆ ಹುಡುಗನನ್ನು ಯಜಮಾನರು ಚುಚ್ಚದಂತೆ ನೋಡಿಕೊಳ್ಳಿ.

ಒಯ್ಯುವುದೇನು ಎಂದು ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಕುಚ್ಚಲಕ್ಕಿ ಡೊಂಬಿವಲಿಯಲ್ಲೇ ಸಿಗುತ್ತದೆ, ಹೊರೆ ಹೊರಬೇಡಿ. ಅಮ್ಮ ಕೈಯಾರೆ ಹಾಕಿದ ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಇವು ಅಲ್ಲಿ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಭರಣಿಯ ಬಾಯಿಗೆ ಬಟ್ಟೆ ಕಟ್ಟಿ, ನಿಲ್ಲಿಸಿಯೇ ಒಯ್ಯಿರಿ.

ಪ್ರಶ್ನೆ: ನಾವು ಘಾಟ್ಕೋಪರ್ ನಿವಾಸಿಗಳು. ಜನವರಿಯಲ್ಲಿ ತಮ್ಮನ ಸಂಸಾರ ಮೂರು ವರ್ಷದ ಮಗುವಿನೊಡನೆ ವಾರದ ಮಟ್ಟಿಗೆ ಬರುತ್ತದೆಯಂತೆ. ನನ್ನ ಮಗ ಹತ್ತನೆಯ ತರಗತಿ. ಬೇಡವೆನ್ನಲು ಬಾಯಿ ಬರುವುದಿಲ್ಲ.
– ಒಬ್ಬ ಓದುಗರು, ಮುಂಬಯಿ

ಉತ್ತರ: ಬೇಡವೆನ್ನಬೇಡಿ, ಏಪ್ರಿಲ್ ಎನ್ನಿ. ಪರೀಕ್ಷೆ ಮುಗಿದಿರುತ್ತದೆ, ಮಾವಿನಹಣ್ಣು ಬಂದಿರುತ್ತದೆ. ಕಾರಣವನ್ನು ನೀವೇ ಫೋನ್ ಮಾಡಿ ತಮ್ಮನಿಗೆ ಹೇಳಿ, ಅಮ್ಮನ ಮೂಲಕ ಹೇಳಿ ಕಳಿಸಬೇಡಿ. ಅಮ್ಮನ ಬಾಯಿಂದ ಹೋದ ಮಾತು ತಮ್ಮನ ಹೆಂಡತಿಯ ಕಿವಿ ತಲುಪುವಾಗ 'ಅತ್ತಿಗೆಗೆ ನಾವು ಬರುವುದು ಇಷ್ಟವಿಲ್ಲವಂತೆ' ಎಂದಾಗಿರುತ್ತದೆ. ಜನವರಿಯಲ್ಲೇ ಬರಲೇಬೇಕಾದ ತುರ್ತಿದ್ದರೆ ಮಗನನ್ನು ಸಂಜೆಗೆ ವಾಚನಾಲಯಕ್ಕೋ ಗೆಳೆಯನ ಮನೆಗೋ ಓದಲು ಕಳಿಸಿ. ಮೂರು ವರ್ಷದ ಮಗುವಿಗೆ 'ಶ್ಶ್, ಅಣ್ಣ ಓದುತ್ತಿದ್ದಾನೆ' ಎಂದು ವಾರವಿಡೀ ಹೇಳುವುದು ಇಬ್ಬರು ಮಕ್ಕಳಿಗೂ ಶಿಕ್ಷೆ.

ಪ್ರಶ್ನೆ: ಅಕ್ಕನ ಮನೆಗೆಂದು ಮುಂಬಯಿಗೆ ಹೊರಟಿದ್ದೇವೆ. ಅಷ್ಟು ಜನರಲ್ಲಿ ನಾಲ್ಕು ವರ್ಷದ ಮಗ ಕೈತಪ್ಪಿದರೆ ಎಂದು ನೆನೆದರೆ ನಿದ್ದೆ ಬರುತ್ತಿಲ್ಲ.
– ಒಬ್ಬ ಓದುಗರು, ಕಾರ್ಕಳ

ಉತ್ತರ: ಹೊರಡುವ ಮೊದಲು ಮಗನಿಗೆ ತನ್ನ ಹೆಸರು, ನಿಮ್ಮ ಹೆಸರು, ಊರು ಇಷ್ಟನ್ನು ಬಾಯಿಪಾಠ ಮಾಡಿಸಿ. ಅಮ್ಮ ಎಂದಲ್ಲ, ನಿಮ್ಮ ಪೂರ್ತಿ ಹೆಸರು. ನಿಮ್ಮ ಮತ್ತು ಅಕ್ಕನ ಮೊಬೈಲ್ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಚಡ್ಡಿಯ ಒಳಜೇಬಿನಲ್ಲಿಡಿ, ಕಾಣುವಂತೆ ಕೊರಳಿಗೆ ನೇತುಹಾಕಬೇಡಿ. ದಿನಾ ಬೆಳಿಗ್ಗೆ ಹೊರಡುವಾಗ ಮೊಬೈಲಿನಲ್ಲಿ ಅವನದೊಂದು ಚಿತ್ರ ತೆಗೆದುಕೊಳ್ಳಿ. ಅಂದು ತೊಟ್ಟ ಅಂಗಿಯ ಬಣ್ಣ ಗಾಬರಿಯಲ್ಲಿ ಯಾವ ತಾಯಿಗೂ ನೆನಪಿಗೆ ಬರುವುದಿಲ್ಲ. ಕೈಬಿಟ್ಟರೆ ಓಡಬಾರದು, ನಿಂತಲ್ಲೇ ನಿಂತು ನಿಮ್ಮ ಹೆಸರು ಹಿಡಿದು ಕೂಗಬೇಕು ಎಂದು ಮನೆಯಂಗಳದಲ್ಲೇ ಆಟವಾಡಿಸಿ ಕಲಿಸಿ. ರೈಲ್ವೆಯ ಸಹಾಯವಾಣಿ 139, ಮಕ್ಕಳ ಸಹಾಯವಾಣಿ 1098, ಎರಡನ್ನೂ ಮೊಬೈಲಿನಲ್ಲಿ ಉಳಿಸಿಕೊಳ್ಳಿ. ಇನ್ನೊಂದು ಮಾತು: ಗಾಡಿ ಹತ್ತುವಾಗ ಮೊದಲು ಒಬ್ಬ ದೊಡ್ಡವರು, ನಡುವೆ ಮಗು, ಹಿಂದೆ ಇನ್ನೊಬ್ಬರು. ಇಳಿಯುವಾಗಲೂ ಹಾಗೆಯೇ. ಚೀಲಗಳು ಗಾಡಿಯಲ್ಲೇ ಉಳಿದರೆ ಉಳಿಯಲಿ, ಒಂದು ಕೈ ಮಗುವಿನ ರಟ್ಟೆಯ ಮೇಲಿರಬೇಕು.