ಪ್ರಶ್ನೋತ್ತರ: ಸೋತರೆ ಎಂಬ ಅಳುಕು

ಸೋಲಿನ ಭಯದ ಬಗ್ಗೆ ಬಂದ ಪತ್ರಗಳಿಂದ ಏಳು ಪ್ರಶ್ನೆಗಳನ್ನು ಆಯ್ದುಕೊಂಡಿದ್ದೇವೆ. ಒಂದೇ ಬಗೆಯವನ್ನು ಕೂಡಿಸಿ ಒಂದು ಪ್ರಶ್ನೆ ಮಾಡಿದ್ದೇವೆ. ಮೊದಲ ಉತ್ತರ ಉದ್ದವಾಗಿದೆ. ಉಳಿದವರೂ ಅದನ್ನು ಓದಿಕೊಂಡರೆ ಅನುಕೂಲ.

ಪ್ರಶ್ನೆ: ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದೇನೆ. ದಿನಕ್ಕೆ ಎಂಟು ಗಂಟೆ ಓದುತ್ತೇನೆ, ನೋಟ್ಸೆಲ್ಲ ಅಚ್ಚುಕಟ್ಟು. ಆದರೆ ಮಾದರಿ ಪ್ರಶ್ನೆಪತ್ರಿಕೆ ಬಿಡಿಸಲು ಕೂತರೆ ಕೈ ಓಡುವುದಿಲ್ಲ. ‘ಸಿಲಬಸ್ ಮುಗಿಯಲಿ, ಆಮೇಲೆ ನೋಡೋಣ’ ಎಂದು ಆರು ತಿಂಗಳಿಂದ ಮುಂದೂಡುತ್ತಿದ್ದೇನೆ. ಈ ಭಯ ಹೋಗುವುದು ಹೇಗೆ?

ಉತ್ತರ: ಓದುವುದರಲ್ಲಿ ಯಾರೂ ಸೋಲುವುದಿಲ್ಲ. ಪುಟ ತಿರುವಿದರೆ ಮುಂದೆ ಸಾಗಿದ ಹಾಗೆ ಕಾಣುತ್ತದೆ. ಪ್ರಶ್ನೆಪತ್ರಿಕೆ ಮಾತ್ರ ಅಂಕ ಹೇಳಿಬಿಡುತ್ತದೆ. ಹಾಗಾಗಿ ನಿಮ್ಮ ಮನಸ್ಸು ಓದಿನಲ್ಲೇ ಅಡಗಿ ಕೂತಿದೆ. ‘ಆಮೇಲೆ ನೋಡೋಣ’ ಎಂದ ಕೂಡಲೇ ಎದೆ ಹಗುರಾಗುತ್ತದಲ್ಲ, ಮುಂದೂಡಿದ್ದಕ್ಕೆ ಸಿಗುವ ಕೂಲಿ ಅದೇ. ಕೂಲಿ ಸಿಗುವ ಕೆಲಸಕ್ಕೆ ಮನಸ್ಸು ಮತ್ತೆ ಮತ್ತೆ ಹೋಗುತ್ತದೆ. ಆರು ತಿಂಗಳಲ್ಲಿ ಭಯ ಕರಗದೆ ಬೆಳೆದಿರುವುದಕ್ಕೆ ಕಾರಣ ಇಷ್ಟೇ.

ಇದರಿಂದ ಓದಿಗೂ ನಷ್ಟವಿದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು ವಿದ್ಯಾರ್ಥಿಗಳಿಗೆ ಒಂದು ಪಾಠ ಕೊಟ್ಟರು. ಒಂದು ಗುಂಪು ಅದನ್ನು ನಾಲ್ಕು ಅವಧಿ ಓದಿತು. ಇನ್ನೊಂದು ಗುಂಪು ಒಂದು ಅವಧಿ ಓದಿ, ಮೂರು ಸಲ ನೋಡದೆ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಬರೀ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ಓದಿದವರಿಗೆ ನೆನಪಿದ್ದದ್ದು ಸುಮಾರು ಶೇ 40, ಬರೆದು ನೋಡಿದವರಿಗೆ ಶೇ 61. ಸಿಲಬಸ್ ಮುಗಿಸಿ ಆಮೇಲೆ ಬಿಡಿಸುವುದೆಂದರೆ ಮರೆತ ಮೇಲೆ ಬಿಡಿಸಿದ ಹಾಗೆ.

ಭಯ ಹೋದ ಮೇಲೆ ಬಿಡಿಸುತ್ತೇನೆ ಎಂದು ಕಾಯಬೇಡಿ. ಬಿಡಿಸುತ್ತ ಹೋದ ಹಾಗೆ ಅದು ಇಳಿಯುತ್ತದೆ. ಮಾಡಬೇಕಾದದ್ದು ಸೋಲನ್ನು ಸಣ್ಣ ತುಂಡುಗಳಾಗಿ ಕತ್ತರಿಸಿ, ಒಂದೊಂದನ್ನೇ ನುಂಗುವುದು. 0 ಎಂದರೆ ನೆಮ್ಮದಿ, 100 ಎಂದರೆ ತಡೆಯಲಾಗದ ದಿಗಿಲು ಎಂದಿಟ್ಟುಕೊಂಡು ಪ್ರತಿ ತುಂಡಿಗೂ, ಅಂದರೆ ಪ್ರತಿ ಮೆಟ್ಟಿಲಿಗೂ, ನಿಮ್ಮದೇ ಭಯದ ಅಂಕ ಕೊಡಿ. ಮೊದಲ ಮೆಟ್ಟಿಲು 30ರ ಆಸುಪಾಸಿನಲ್ಲಿರಲಿ. ನಿಮಗೆ ಹೀಗೆ ಹೊಂದಬಹುದು: ಓದಿ ಮುಗಿಸಿದ ಒಂದೇ ಅಧ್ಯಾಯದಿಂದ 10 ಪ್ರಶ್ನೆ, ಗಡಿಯಾರ ಇಲ್ಲ. ನಂತರ 25 ಪ್ರಶ್ನೆ, ಪರೀಕ್ಷೆಯಲ್ಲಿ ಸಿಗುವುದರ ಒಂದೂವರೆ ಪಟ್ಟು ಸಮಯ. ನಂತರ ಅರ್ಧ ಪತ್ರಿಕೆ, ನಿಜವಾದ ಸಮಯ. ಆಮೇಲೆ ಇಡೀ ಪತ್ರಿಕೆ, ಪರೀಕ್ಷೆ ನಡೆಯುವ ಹೊತ್ತಿಗೇ, ಮೊಬೈಲ್ ಬೇರೆ ಕೋಣೆಯಲ್ಲಿ. ಕೊನೆಯದಾಗಿ ಇಡೀ ಪತ್ರಿಕೆ ಬರೆದು ಅಂಕವನ್ನು ಒಬ್ಬ ಗೆಳೆಯನಿಗೆ ತೋರಿಸುವುದು. ಬಹಳ ಜನರಿಗೆ ಈ ಕೊನೆಯದೇ 90. ಪ್ರತಿ ಮೆಟ್ಟಿಲನ್ನೂ ಮೂರು ನಾಲ್ಕು ಸಲವಾದರೂ ಮಾಡಿ. ‘ಅಯ್ಯೋ, ಮತ್ತೆ ಇದೇನಾ’ ಎಂದು ಬೇಸರ ಬರತೊಡಗಿದರೆ ಮೇಲೆ ಹತ್ತುವ ಹೊತ್ತಾಯಿತು.

ಶುರು ಮಾಡುವ ಮೊದಲು ಒಂದು ಚೀಟಿಯಲ್ಲಿ ಎರಡು ಸಾಲು ಬರೆಯಿರಿ. ಎಷ್ಟು ಬರುತ್ತದೆ? ಕಡಿಮೆ ಬಂದರೆ ಏನಾಗುತ್ತದೆ? ಉದಾಹರಣೆಗೆ, ‘25ಕ್ಕೆ 8 ಬರುತ್ತದೆ. ಬಂದರೆ ಇಡೀ ದಿನ ಓದಲಾಗುವುದಿಲ್ಲ’. ಮುಗಿದ ಮೇಲೆ ಅದರ ಕೆಳಗೆ ನಡೆದದ್ದನ್ನು ಬರೆಯಿರಿ. ಅಂಕದ ಊಹೆ ಕೆಲವೊಮ್ಮೆ ನಿಜವಾಗಬಹುದು, 8ರ ಬದಲು 7 ಬಂದರೂ ಬಂದೀತು. ಎರಡನೇ ಸಾಲಿನ ಮೇಲೆ ಕಣ್ಣಿಡಿ. 7 ಬಂದೂ ಸಂಜೆ ಎರಡು ಗಂಟೆ ಓದಿದಿರಿ ಎಂದಾದರೆ ಭಯ ಹೇಳಿದ್ದು ಸುಳ್ಳಾಯಿತು. ಹತ್ತು ಹದಿನೈದು ಚೀಟಿ ಸೇರಿದ ಮೇಲೆ ಬೇರೆಯವರು ಧೈರ್ಯ ಹೇಳಬೇಕಾದ ಅಗತ್ಯ ಕಡಿಮೆಯಾಗುತ್ತದೆ.

ಕೆಲಸ ಕೆಡುವುದು ಮೂರು ಕಡೆ. ಹುರುಪಿನಲ್ಲಿ ಮೊದಲ ದಿನವೇ ಇಡೀ ಪತ್ರಿಕೆಗೆ ಕೈ ಹಾಕುವುದು ಒಂದು. ದಿಗಿಲು ಹೆಚ್ಚಾದ ಹೊತ್ತಿಗೆ ಎದ್ದುಬಿಡುವುದು ಇನ್ನೊಂದು, ಇದು ತುಸು ಹೆಚ್ಚು ಅಪಾಯದ್ದು. ಆಗ ಎದ್ದರೆ ‘ಓಡಿದ್ದರಿಂದ ಉಳಿದೆ’ ಎಂಬ ಪಾಠವೇ ಗಟ್ಟಿಯಾಗುತ್ತದೆ. ಒಂದೂ ಉತ್ತರ ಹೊಳೆಯದಿದ್ದರೂ ಅಂದುಕೊಂಡ ಸಮಯ ಮುಗಿಯುವವರೆಗೆ ಕುರ್ಚಿ ಬಿಡಬೇಡಿ. ಮೂರನೆಯದು ಅಂಕ ನೋಡಿ ಹಾಳೆ ಮಡಚಿಡುವುದು. ಎರಡು ಗಂಟೆಯ ಪತ್ರಿಕೆಗೆ ಎರಡು ಗಂಟೆಯ ಪರಿಶೀಲನೆ ಬೇಕು. ತಪ್ಪುಗಳನ್ನು ಮೂರು ಪಟ್ಟಿ ಮಾಡಿ: ಗೊತ್ತೇ ಇರಲಿಲ್ಲ, ಗೊತ್ತಿದ್ದೂ ತಪ್ಪಿದೆ, ಸಮಯ ಸಾಲಲಿಲ್ಲ. ಮೊದಲನೆಯದಕ್ಕೆ ಮದ್ದು ಓದು. ಎರಡನೆಯದಕ್ಕೆ ಪ್ರಶ್ನೆಯಲ್ಲಿ ‘ಅಲ್ಲ’, ‘ಹೊರತುಪಡಿಸಿ’ ಎಂಬಂಥ ಪದಗಳ ಕೆಳಗೆ ಗೆರೆ ಎಳೆಯುವ ಅಭ್ಯಾಸ. ಮೂರನೆಯದಕ್ಕೆ ಪ್ರಶ್ನೆ ಬಿಟ್ಟು ಮುಂದೆ ಹೋಗುವ ಅಭ್ಯಾಸ. ಊಹಿಸಿ ಬರೆದ ಉತ್ತರದ ಪಕ್ಕ ಚುಕ್ಕೆ ಇಡಿ. ಅದು ಸರಿಯಾಗಿದ್ದರೂ ‘ಗೊತ್ತೇ ಇರಲಿಲ್ಲ’ ಪಟ್ಟಿಗೇ ಸೇರಬೇಕು. ಎರಡು ಸಲ ಫೇಲಾದವರಲ್ಲಿ ಎರಡನೇ ಪಟ್ಟಿ ಉದ್ದವಿದ್ದರೆ, ಎಂಟು ಗಂಟೆಯ ಓದನ್ನು ಹತ್ತಕ್ಕೆ ಏರಿಸಿ ಪ್ರಯೋಜನವಿಲ್ಲ.

ಪ್ರಶ್ನೆ: ವೇದಿಕೆ ಹತ್ತುವ ಮುಂಚೆ, ಇಂಟರ್‌ವ್ಯೂಗೆ ಕರೆಯುವ ಮುಂಚೆ ಎದೆ ಡವಡವ, ಬಾಯಿ ಒಣಗುತ್ತದೆ, ಕೈ ತಣ್ಣಗಾಗುತ್ತದೆ. ಪೂರ್ತಿ ಶಾಂತವಾಗುವ ಉಪಾಯ ಇದೆಯೇ?

ಉತ್ತರ: ಪೂರ್ತಿ ಶಾಂತವಾಗುವ ಗುರಿಯನ್ನೇ ಕೈಬಿಡಿ. ಹೊಡೆದುಕೊಳ್ಳುವ ಎದೆಯನ್ನು ಎರಡು ನಿಮಿಷದಲ್ಲಿ ತಣ್ಣಗಾಗಿಸಲು ಹೊರಟರೆ, ಆಗಲಿಲ್ಲವಲ್ಲ ಎಂಬ ಹೊಸ ಗಾಬರಿ ಸೇರಿಕೊಳ್ಳುತ್ತದೆ. 2014ರಲ್ಲಿ ಆಲಿಸನ್ ವುಡ್ ಬ್ರೂಕ್ಸ್ ಪ್ರಕಟಿಸಿದ ಪ್ರಯೋಗಗಳಲ್ಲಿ, ಭಾಷಣಕ್ಕೆ ಮುಂಚೆ ‘ನಾನು ಶಾಂತವಾಗಿದ್ದೇನೆ’ ಎಂದುಕೊಂಡವರಿಗಿಂತ ‘ನನಗೆ ಹುರುಪು ಬಂದಿದೆ’ ಎಂದುಕೊಂಡವರು ಚೆನ್ನಾಗಿ ಮಾತಾಡಿದರು. ಹುರುಪಿಗೂ ಭಯಕ್ಕೂ ಎದೆಬಡಿತ ಒಂದೇ, ಹೆಸರು ಬದಲಿಸುವುದು ಸುಲಭ.

ಬಡಿತ ತುಸು ಇಳಿಯಲಿ ಎಂದಿದ್ದರೆ ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ. ಒಂದು ಎಣಿಕೆಗೆ ಒಂದು ಸೆಕೆಂಡ್ ಹಿಡಿದರೆ ನಿಮಿಷಕ್ಕೆ ಆರು ಉಸಿರು. ಐದು ನಿಮಿಷ ಸಾಕು. ‘ಜೋರಾಗಿ ಉಸಿರು ಎಳೆದುಕೋ’ ಎಂದು ಪಕ್ಕದವರು ಹೇಳುವ ಸಲಹೆ ಅನೇಕರಿಗೆ ಕೈಕೊಡುತ್ತದೆ. ದೊಡ್ಡ ಉಸಿರನ್ನು ಬೇಗ ಬೇಗ ತೆಗೆದುಕೊಂಡರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ತಿರುಗುತ್ತದೆ, ಬೆರಳು ಜುಮ್ಮೆನ್ನುತ್ತದೆ, ಭಯ ಇನ್ನೂ ಏರುತ್ತದೆ. ನಿಧಾನ ಮುಖ್ಯ, ಆಳ ಆಮೇಲೆ. ಇದನ್ನು ಎರಡು ವಾರ ಮೊದಲೇ ದಿನಾ ಮಾಡಿ ರೂಢಿಸಿಕೊಳ್ಳಿ. ಇಂಟರ್‌ವ್ಯೂ ಬಾಗಿಲಲ್ಲಿ ಮೊದಲ ಸಲ ಮಾಡಿದರೆ ಎಣಿಕೆಯೇ ತಪ್ಪುತ್ತದೆ.

ಬರವಣಿಗೆಯ ಪರೀಕ್ಷೆಗೆ ಇನ್ನೊಂದು ದಾರಿ ಇದೆ. 2011ರಲ್ಲಿ ರಾಮಿರೆಜ್ ಮತ್ತು ಬೈಲಾಕ್ ಪ್ರಕಟಿಸಿದ ಅಧ್ಯಯನದಲ್ಲಿ, ಪರೀಕ್ಷೆಗೆ ಮುಂಚೆ 10 ನಿಮಿಷ ತಮ್ಮ ಭಯಗಳನ್ನು ಕಾಗದದ ಮೇಲೆ ಬರೆದ ವಿದ್ಯಾರ್ಥಿಗಳು, ಅದರಲ್ಲೂ ತುಂಬ ಹೆದರುವವರು, ಹೆಚ್ಚು ಅಂಕ ಪಡೆದರು. ಎಲ್ಲರಿಗೂ ಒಂದೇ ಸಮ ಫಲಿಸುವ ಉಪಾಯ ಇದಲ್ಲ. ಮಾದರಿ ಪರೀಕ್ಷೆಯ ದಿನ ಮಾಡಿ ನೋಡಿ, ಹಿಡಿಸಿದರೆ ಇಟ್ಟುಕೊಳ್ಳಿ.

ಪ್ರಶ್ನೆ: ಸೋತು ಗೆದ್ದವರ ಕಥೆ ಓದಿದರೆ ಎರಡು ದಿನ ಉತ್ಸಾಹ. ಮೂರನೇ ದಿನ ಮತ್ತೆ ಅದೇ ಕಥೆ. ಏಕೆ?

ಉತ್ತರ: ನೂರು ಸಲ ಸೋತು ಗೆದ್ದವರು ಪುಸ್ತಕದಲ್ಲಿ ಸಿಗುತ್ತಾರೆ. ನೂರು ಸಲ ಸೋತು ಅಲ್ಲಿಗೇ ನಿಂತವರ ಬಗ್ಗೆ ಯಾರೂ ಬರೆಯುವುದಿಲ್ಲ. ನಿಮ್ಮ ಮನಸ್ಸಿಗೆ ಈ ಲೆಕ್ಕ ಒಳಗೊಳಗೇ ಗೊತ್ತಿರುವುದರಿಂದಲೇ ಮೂರನೇ ದಿನ ಅದು ನಂಬುವುದಿಲ್ಲ. ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರಲ್ಲಿ, ‘ನನ್ನ ಕೈಲಾಗುತ್ತದೆ’ ಎಂಬ ನಂಬಿಕೆ ಹುಟ್ಟುವ ನಾಲ್ಕು ಮೂಲಗಳನ್ನು ಹೆಸರಿಸಿದರು: ಸ್ವತಃ ಮಾಡಿ ನೋಡಿದ ಅನುಭವ, ಬೇರೆಯವರು ಮಾಡುವುದನ್ನು ಕಂಡದ್ದು, ಇತರರ ಪ್ರೋತ್ಸಾಹದ ಮಾತು, ದೇಹದ ಸ್ಥಿತಿ. ಇವುಗಳಲ್ಲಿ ಬಲವಾದದ್ದು ಮೊದಲನೆಯದು. ಕಥೆ ಓದಬೇಡಿ ಎನ್ನುತ್ತಿಲ್ಲ. ಹುರುಪಿರುವ ಆ ಎರಡು ದಿನದಲ್ಲೇ ಮೇಲೆ ಹೇಳಿದ ಮೊದಲ ಮೆಟ್ಟಿಲು ಹತ್ತಿಬಿಡಿ.

ಪ್ರಶ್ನೆ: ಕೆಲಸ ಬಿಟ್ಟು ಸ್ವಂತ ಉದ್ಯಮ ಶುರು ಮಾಡಬೇಕೆಂದು ಮೂರು ವರ್ಷದಿಂದ ಯೋಚಿಸುತ್ತಿದ್ದೇನೆ. ಎಲ್ಲವೂ ಮುಳುಗಿದರೆ ಎಂಬ ಭಯ. ಇದನ್ನು ಗೆಲ್ಲುವುದು ಹೇಗೆ?

ಉತ್ತರ: ಗೆಲ್ಲುವ ಮೊದಲು ಅದು ಹೇಳುತ್ತಿರುವುದನ್ನು ಕೇಳಿಸಿಕೊಳ್ಳಿ. ಎಲ್ಲ ಭಯವೂ ಸುಳ್ಳಲ್ಲ. ಅಂಕ ಕಡಿಮೆ ಬಂದರೆ ಮನಸ್ಸಿಗೆ ನೋವು, ಬಂಡವಾಳ ಹೋದರೆ ಮನೆಗೇ ಪೆಟ್ಟು. ಹಾಗೆಂದು ಭಯದ ತಕ್ಕಡಿಯೂ ಸರಿಯಿಲ್ಲ. ಕಾನೆಮನ್ ಮತ್ತು ಟ್ವೆರ್‌ಸ್ಕಿ ಎಂಬ ಮನೋವಿಜ್ಞಾನಿಗಳು 1979ರಿಂದ ತೋರಿಸುತ್ತ ಬಂದ ಹಾಗೆ, ಕಳೆದುಕೊಳ್ಳುವ ನೋವು ಅಷ್ಟೇ ಮೊತ್ತ ಗಳಿಸುವ ಸುಖಕ್ಕಿಂತ ಸುಮಾರು ಎರಡು ಪಟ್ಟು ತೂಗುತ್ತದೆ.

ಆದ್ದರಿಂದ ಒಂದು ಸಂಜೆ ಕೂತು, ಉದ್ಯಮ ಆಗಲೇ ಮುಚ್ಚಿಹೋಗಿದೆ ಎಂದುಕೊಳ್ಳಿ. ಶುರುವಾಗಿ ಒಂದು ವರ್ಷ, ಬಾಗಿಲಿಗೆ ಬೀಗ. ಏಕೆ ಮುಚ್ಚಿತು? ಹತ್ತು ನಿಮಿಷದಲ್ಲಿ ಹೊಳೆದಷ್ಟು ಕಾರಣ ಬರೆಯಿರಿ. ನಿಮ್ಮ ಬಗ್ಗೆ ಕಾಳಜಿಯಿರುವ, ಆದರೆ ಮುಲಾಜಿಲ್ಲದ ಇಬ್ಬರಿಂದಲೂ ಬೇರೆ ಬೇರೆ ಬರೆಸಿ. ಗ್ಯಾರಿ ಕ್ಲೈನ್ ಎಂಬವರು 2007ರಲ್ಲಿ ಬರೆದ ಲೇಖನದಿಂದ ಜನಪ್ರಿಯವಾದ ಕ್ರಮ ಇದು. ‘ಸೋತರೆ ಏನು’ ಎಂದು ಕೇಳಿದರೆ ಹೊಟ್ಟೆ ತೊಳಸುತ್ತದೆ. ‘ಸೋತಾಯಿತು, ಏಕೆ’ ಎಂದು ಕೇಳಿದರೆ ತಲೆ ಕೆಲಸ ಮಾಡುತ್ತದೆ. ಬಂದ ಕಾರಣಗಳಲ್ಲಿ ತಡೆಯಬಹುದಾದ ಮೂರನ್ನು ಆರಿಸಿ, ಒಂದೊಂದಕ್ಕೂ ಒಂದು ಕೆಲಸ ಗೊತ್ತುಮಾಡಿ.

ಆಮೇಲೆ ಕೆಲಸ ಬಿಡದೆಯೇ ಮೂರು ತಿಂಗಳ ಪ್ರಯೋಗ ನಡೆಸಿ. ಅದಕ್ಕೂ ಮುಂಚೆ ನಿಲ್ಲಿಸುವ ಗೆರೆಯನ್ನು ಬರೆದು, ತಾರೀಕು ಹಾಕಿ, ಮನೆಯವರ ಕೈಗೆ ಕೊಡಿ. ಗೆರೆಯಲ್ಲಿ ಮೂರು ವಿಷಯ ಇರಲಿ. ಹಣ: ಆರು ತಿಂಗಳ ಮನೆಖರ್ಚು ಬೇರೆ ಖಾತೆಯಲ್ಲಿ, ಅದನ್ನು ಮುಟ್ಟುವಂತಿಲ್ಲ. ಉಳಿದದ್ದರಲ್ಲಿ ಇಂತಿಷ್ಟು ಪಾಲು ಮಾತ್ರ ಪ್ರಯೋಗಕ್ಕೆ. ಸಮಯ: ಮೂರು ತಿಂಗಳು. ಗುರುತು: ಉದಾಹರಣೆಗೆ, ನಿಮ್ಮ ಪರಿಚಯವೇ ಇಲ್ಲದ 10 ಮಂದಿ ದುಡ್ಡು ಕೊಟ್ಟು ಕೊಳ್ಳಬೇಕು, ಅವರಲ್ಲಿ ಮೂವರು ಎರಡನೇ ಸಲ ಬರಬೇಕು. ನೆಂಟರು, ಗೆಳೆಯರು ಕೊಂಡದ್ದು ಈ ಲೆಕ್ಕಕ್ಕೆ ಬರುವುದಿಲ್ಲ. ಅವರು ಕೊಳ್ಳುವುದು ನಿಮಗಾಗಿ. ಗೆರೆಯನ್ನು ಮೊದಲೇ ಬರೆಯಬೇಕು ಎನ್ನುವುದಕ್ಕೆ ಕಾರಣ, ಹಣ ಹಾಕಿದ ಮೇಲೆ ಎಲ್ಲರೂ ‘ಇಷ್ಟು ಹಾಕಿದ್ದೇನೆ, ಇನ್ನೊಂದು ತಿಂಗಳು ನೋಡೋಣ’ ಎನ್ನುತ್ತಾರೆ. ಮುಳುಗುವುದು ಬಹುಪಾಲು ಆ ಇನ್ನೊಂದು ತಿಂಗಳಿನಲ್ಲಿ.

ಪ್ರಶ್ನೆ: ಸೋಲಿಗಿಂತ ‘ಜನ ಏನಂದಾರು’ ಎಂಬುದೇ ಕಾಡುತ್ತದೆ.

ಉತ್ತರ: ಅಷ್ಟು ಜನ ನೋಡುತ್ತಿಲ್ಲ. 2000ದಲ್ಲಿ ಗಿಲೊವಿಚ್ ಎಂಬ ಮನೋವಿಜ್ಞಾನಿ ಮತ್ತು ಸಂಗಡಿಗರು ವಿದ್ಯಾರ್ಥಿಗಳಿಗೆ ಮುಜುಗರ ತರುವ ಚಿತ್ರವಿದ್ದ ಟೀಶರ್ಟ್ ತೊಡಿಸಿ, ಜನರಿದ್ದ ಕೋಣೆಗೆ ಕಳಿಸಿದರು. ತೊಟ್ಟವರು ಹತ್ತಿರ ಹತ್ತಿರ ಅರ್ಧದಷ್ಟು ಜನ ಗಮನಿಸಿರಬೇಕು ಎಂದುಕೊಂಡರು. ಗಮನಿಸಿದ್ದವರು ಕಾಲುಭಾಗದಷ್ಟು. ‘ಜನ’ ಎಂದಾಗ ನಿಮ್ಮ ತಲೆಯಲ್ಲಿ ನಿಜಕ್ಕೂ ಯಾರಿದ್ದಾರೆ ಎಂದು ಹೆಸರು ಬರೆಯಿರಿ. ಸಾಮಾನ್ಯವಾಗಿ ಪಟ್ಟಿ ಐದು ಹೆಸರು ದಾಟುವುದಿಲ್ಲ. ಆ ಐವರಲ್ಲಿ ಯಾರ ಮಾತಿನಿಂದ ನಿಮ್ಮ ಕೆಲಸ ನಿಜವಾಗಿ ಸುಧಾರಿಸುತ್ತದೆಯೋ ಅವರನ್ನು ಉಳಿಸಿಕೊಂಡು ಉಳಿದವರನ್ನು ಹೊಡೆದುಹಾಕಿ. ಫಲಿತಾಂಶ ಬರುವವರೆಗೆ ಪ್ರಯತ್ನದ ಸುದ್ದಿಯನ್ನು ಊರಿಗೆಲ್ಲ ಸಾರದಿದ್ದರೂ ಅರ್ಧ ಹೊರೆ ಇಳಿಯುತ್ತದೆ.

ಪ್ರಶ್ನೆ: ಹತ್ತು ವರ್ಷದ ಮಗಳು ಆಟದಲ್ಲಿ ಸೋಲುವ ಹಾಗೆ ಕಂಡರೆ ಅರ್ಧಕ್ಕೇ ಬಿಡುತ್ತಾಳೆ. ಚಿತ್ರದಲ್ಲಿ ಗೆರೆ ತಪ್ಪಿದರೆ ಹಾಳೆ ಹರಿಯುತ್ತಾಳೆ. ‘ನೀನು ಜಾಣೆ, ನಿನಗೆ ಬರುತ್ತೆ’ ಎಂದು ಎಷ್ಟು ಹೇಳಿದರೂ ಕೇಳುವುದಿಲ್ಲ.

ಉತ್ತರ: ಆ ಮಾತನ್ನೇ ಸ್ವಲ್ಪ ದಿನ ನಿಲ್ಲಿಸಿ ನೋಡಿ. 1998ರಲ್ಲಿ ಮ್ಯೂಲರ್ ಮತ್ತು ಡ್ವೆಕ್ ಐದನೇ ತರಗತಿಯ ಮಕ್ಕಳಲ್ಲಿ ಕಂಡದ್ದು ಇದು: ‘ಜಾಣ’ ಎಂದು ಹೊಗಳಿಸಿಕೊಂಡವರು ಕಷ್ಟದ ಪ್ರಶ್ನೆಗಳಲ್ಲಿ ಎಡವಿದ ಮೇಲೆ ಬೇಗ ಕೈಚೆಲ್ಲಿದರು. ‘ಶ್ರಮಪಟ್ಟೆ’ ಎನಿಸಿಕೊಂಡವರು ಮುಂದುವರಿಸಿದರು. ಗೆದ್ದರೆ ಜಾಣೆ ಎಂದ ಮೇಲೆ ಸೋತರೆ ಏನು ಎಂಬ ಲೆಕ್ಕ ಮಗುವಿಗೆ ತಾನಾಗಿಯೇ ಹೊಳೆಯುತ್ತದೆ. ಆದರೆ ಬರೀ ಮಾತು ಬದಲಿಸಿದರೆ ಮಕ್ಕಳು ಬದಲಾಗುತ್ತಾರೆ ಎಂದು ನಾವು ಹೇಳುವುದಿಲ್ಲ. ಮನೆಯಲ್ಲಿ ಹಾಳೆ ಹರಿಯುವಂತಿಲ್ಲ ಎಂಬ ನಿಯಮ ಮಾಡಿ, ತಪ್ಪಿದ ಚಿತ್ರಗಳಿಗೆ ಒಂದು ಫೈಲ್ ಇಡಿ. ಮರುದಿನ, ಸಿಟ್ಟಿಳಿದ ಮೇಲೆ, ತಪ್ಪಿದ ಗೆರೆಯಿಂದ ಬೇರೇನಾದರೂ ಬಿಡಿಸಬಹುದೇ ಎಂದು ಕೇಳಿ. ಆಟದಲ್ಲಿ ಬೇಕೆಂದೇ ಸೋತುಕೊಡಬೇಡಿ, ಸೋಲನ್ನು ಕಾಣದೆ ಬೆಳೆದರೆ ಅದು ಇನ್ನೂ ದೊಡ್ಡದಾಗಿ ಕಾಣುತ್ತದೆ. ಬದಲಿಗೆ ಆಟ ಚಿಕ್ಕದು ಮಾಡಿ: ಐದು ನಿಮಿಷದ ಮೂರು ಆಟ. ಒಂದು ಸೋತರೆ ಇನ್ನೊಂದು ಕೂಡಲೇ ಇರುತ್ತದೆ.

ಪ್ರಶ್ನೆ: ಇದಕ್ಕೆಲ್ಲ ಡಾಕ್ಟರ ಬಳಿ ಹೋಗಬೇಕಾಗುತ್ತದೆಯೇ?

ಉತ್ತರ: ಎಲ್ಲರಿಗೂ ಬೇಡ. ನಿದ್ದೆ, ಊಟ ಎರಡು ವಾರಕ್ಕೂ ಹೆಚ್ಚು ಕೆಟ್ಟಿದ್ದರೆ, ಪರೀಕ್ಷೆಗೋ ಕೆಲಸಕ್ಕೋ ಹೋಗುವುದೇ ನಿಂತಿದ್ದರೆ, ಮೊದಲು ಖುಷಿ ಕೊಡುತ್ತಿದ್ದ ಯಾವುದೂ ಈಗ ಬೇಡ ಎನಿಸಿದರೆ ಮನೋವೈದ್ಯರನ್ನೋ ಕ್ಲಿನಿಕಲ್ ಸೈಕಾಲಜಿಸ್ಟರನ್ನೋ ನೋಡಿ. ಬದುಕೇ ಬೇಡ ಎಂಬ ಯೋಚನೆ ಸುಳಿದರೆ ಕಾಯಬೇಡಿ. ಅವತ್ತೇ ಒಬ್ಬರ ಹತ್ತಿರ ಹೇಳಿಕೊಂಡು, ಅವರ ಜೊತೆಯಲ್ಲೇ ಆಸ್ಪತ್ರೆಗೆ ಹೋಗಿ. ಎದೆಬಡಿತ ತಗ್ಗಿಸುವ ಮಾತ್ರೆಯನ್ನು ಗೆಳೆಯರಿಂದ ಪಡೆದು ನುಂಗುವ ರೂಢಿ ಕೆಲವರಲ್ಲಿದೆ. ಆಸ್ತಮಾ ಇರುವವರಿಗೆ ಅದರಿಂದ ಉಸಿರು ಕಟ್ಟಬಹುದು. ವೈದ್ಯರು ಬರೆದುಕೊಡದೆ ಬೇಡವೇ ಬೇಡ. ಮೊದಲ ಭೇಟಿಗೆ ಹೋಗುವಾಗ ಎರಡು ವಾರದ ಟಿಪ್ಪಣಿ ಒಯ್ಯಿರಿ: ಯಾವ ದಿನ, ಏನನ್ನು ತಪ್ಪಿಸಿಕೊಂಡಿರಿ, ಭಯ 100ಕ್ಕೆ ಎಷ್ಟಿತ್ತು, ಎಷ್ಟು ಗಂಟೆ ನಿದ್ದೆ ಬಂತು. ಅರ್ಧ ಗಂಟೆಯ ಭೇಟಿಯಲ್ಲಿ ನೆನಪಿಸಿಕೊಂಡು ಹೇಳುವುದಕ್ಕಿಂತ ಆ ಒಂದು ಹಾಳೆಯಿಂದ ಅವರಿಗೆ ಹೆಚ್ಚು ತಿಳಿಯುತ್ತದೆ.