ಡ್ರಾಯಿಂಗ್ ಮಿಸ್‌ಗೆ ಒಂದು ಪ್ರಶ್ನೆ

ಪ್ರಶ್ನೆ: ನಮಸ್ಕಾರ ಮಿಸ್. ಮಗಳು ಒಂಬತ್ತನೇ ಕ್ಲಾಸು, ಸಿಬಿಎಸ್‌ಇ ಶಾಲೆ. ಹೆಚ್ಚುವರಿ ವಿಷಯವಾಗಿ ಪೇಂಟಿಂಗ್ ತೆಗೆದುಕೊಳ್ಳುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಅವರಪ್ಪ, ‘ಮ್ಯಾತ್ಸ್‌ಗೇ ಟೈಮ್ ಸಾಲುತ್ತಿಲ್ಲ, ಇದನ್ನೆಲ್ಲ ರಜೆಯಲ್ಲಿ ಮಾಡಲಿ’ ಅನ್ನುತ್ತಾರೆ. ಅವಳು ಚೆನ್ನಾಗಿಯೇ ಬಿಡಿಸುತ್ತಾಳೆ. ಆದರೆ ಎಲ್ಲ ಫೋನ್ ನೋಡಿಕೊಂಡು, ಅದೂ ಬರೀ ಜಪಾನಿ ಕಾರ್ಟೂನ್ ಮುಖಗಳು. ಏನು ಮಾಡಲಿ?
– ಒಬ್ಬ ತಾಯಿ, ವಿಜಯನಗರ

ಉತ್ತರ: ತೆಗೆದುಕೊಳ್ಳಲಿ ತಾಯಿ. ಅನುಮಾನವೇ ಬೇಡ.

ಮೊದಲು ಟೈಮ್ ವಿಚಾರ. ಆ ಪೇಂಟಿಂಗ್ ವಿಷಯದಲ್ಲಿ ಥಿಯರಿಗೆ 30 ಅಂಕ, ಪ್ರಾಕ್ಟಿಕಲ್‌ಗೆ 70. ಬಾಯಿಪಾಠ ಕಡಿಮೆ, ಕೈಕೆಲಸ ಜಾಸ್ತಿ. ಅವಳು ಹೇಗಿದ್ದರೂ ದಿನಾ ಬಿಡಿಸುತ್ತಾಳೆ, ಅಲ್ವಾ? ಆ ಹೊತ್ತಿಗೆ ಒಂದು ದಾರಿ ಸಿಕ್ಕಿದ ಹಾಗಾಗುತ್ತದೆ, ಅಷ್ಟೆ.

ರಜೆಗೆ ತಳ್ಳಿದರೆ ಏನಾಗುತ್ತದೆ ಅಂತ ನಾನು ಹೈಸ್ಕೂಲಿನಲ್ಲಿ ಪಾಠ ಮಾಡಿದಷ್ಟು ವರ್ಷವೂ ನೋಡಿದ್ದೇನೆ. ಆರು, ಏಳನೇ ಕ್ಲಾಸಿನಲ್ಲಿ ಹಾಳೆ ತುಂಬ ಬಿಡಿಸುತ್ತಿದ್ದ ಮಕ್ಕಳೇ ಹತ್ತನೇ ಕ್ಲಾಸಿಗೆ ಬರುವಷ್ಟರಲ್ಲಿ ‘ನಂಗೆ ಬರಲ್ಲ ಮಿಸ್’ ಅನ್ನುತ್ತಾರೆ. ಕೈ ಮರೆತಿರುವುದಿಲ್ಲ. ಈ ವಯಸ್ಸಿನಲ್ಲಿ ಕಣ್ಣು ಚುರುಕಾಗುತ್ತದೆ. ತಾನು ಬಿಡಿಸಿದ್ದರಲ್ಲಿ ಎಲ್ಲೋ ಎಡವಟ್ಟಾಗಿದೆ ಅಂತ ಗೊತ್ತಾಗುತ್ತದೆ, ಎಲ್ಲಿ ಅಂತ ಗೊತ್ತಾಗುವುದಿಲ್ಲ. ಹೇಳಿಕೊಡುವವರು ಪಕ್ಕದಲ್ಲಿ ಇರುವುದಿಲ್ಲ. ಪೆನ್ಸಿಲ್ ಕೆಳಗಿಡುವುದು ಆಗಲೇ. ಅದಕ್ಕೇ ಹೇಳುತ್ತೇನೆ, ಚಿತ್ರಕಲೆಗೆ ಮೇಷ್ಟ್ರು ಬೇಕಾಗುವುದು ನರ್ಸರಿಗಿಂತ ಹೈಸ್ಕೂಲಿನಲ್ಲಿ.

ಕಾರ್ಟೂನ್ ಮುಖಗಳಿಗೆ ಬೈಯಬೇಡಿ. ಗೆರೆ ಮೇಲೆ ಹಿಡಿತ ಬರುತ್ತದೆ. ಆದರೆ ಫೋನಿನಲ್ಲಿರುವ ಮುಖವನ್ನು ಇನ್ಯಾರೋ ಮೊದಲೇ ನೋಡಿ ಮುಗಿಸಿದ್ದಾರೆ. ಯಾವ ಗೆರೆ ಇರಬೇಕು, ಯಾವುದು ಬೇಡ ಅಂತ ತೀರ್ಮಾನ ಮಾಡಿದವರು ಅವರು. ಮಗಳಿಗೆ ಉಳಿದಿರುವುದು ನಕಲು ಮಾತ್ರ. ಆ ತೀರ್ಮಾನವನ್ನು ಅವಳೇ ಮಾಡಬೇಕಾದರೆ ಎದುರಿಗೆ ನಿಜವಾದ ವಸ್ತು ಬೇಕು.

ಒಂದು ತಾಮ್ರದ ಚೊಂಬು ತಂದು ಮೇಜಿನ ಮೇಲಿಡಿ. ಸ್ಟೀಲಿನದು ಬೇಡ, ಅದರಲ್ಲಿ ಇಡೀ ಮನೆ ಕಾಣಿಸುತ್ತದೆ, ಶುರುವಿಗೆ ಕಷ್ಟ. ಟ್ಯೂಬ್‌ಲೈಟ್ ಆರಿಸಿ. ಒಂದೇ ಕಿಟಕಿಯಿಂದ ಬೆಳಕು ಬರಲಿ. ಈಗ ಅವಳು ಚೊಂಬಿನ ಬಾಯಿ ನೋಡಲಿ. ಅದು ದುಂಡಗಿದೆ ಅಂತ ನಮಗೆ ಗೊತ್ತು. ಆದರೆ ಕೂತ ಜಾಗದಿಂದ ಅದು ಚಪ್ಪಟೆಯಾದ ದುಂಡು. ಚೊಂಬನ್ನು ಎತ್ತಿ ಕಣ್ಣಿನ ಮಟ್ಟಕ್ಕೆ ಹಿಡಿದರೆ ಬಾಯಿ ಬರೀ ಒಂದು ಗೆರೆಯಾಗುತ್ತದೆ. ಕೆಳಗೆ ಇಳಿಸಿದಷ್ಟೂ ಆ ದುಂಡು ತೆರೆದುಕೊಳ್ಳುತ್ತದೆ. ಹಾಗಾದರೆ ಬಾಯಿಗಿಂತ ಇನ್ನೂ ಕೆಳಗಿರುವ ತಳ ಬಾಯಿಗಿಂತ ಜಾಸ್ತಿ ಬಾಗಿರಬೇಕು. ಬಹುಪಾಲು ಮಕ್ಕಳು ತಳಕ್ಕೆ ಸ್ಕೇಲ್ ಇಟ್ಟ ಹಾಗೆ ನೇರ ಗೆರೆ ಎಳೆಯುತ್ತಾರೆ. ಮೇಜು ಸಮ ಇದೆ, ತಳವೂ ಸಮ ಇರಬೇಕು ಅಂತ ತಲೆ ಹೇಳುತ್ತದೆ. ಕಣ್ಣು ಬೇರೆಯದೇ ಹೇಳುತ್ತಿರುತ್ತದೆ. ಆ ಕಣ್ಣಿನ ಮಾತು ಕೇಳುವುದನ್ನು ಕಲಿಯುವುದಕ್ಕೇ ಹೈಸ್ಕೂಲಿನ ವರ್ಷಗಳು ಬೇಕು. ಮಿಕ್ಕಿದ್ದೆಲ್ಲ, ಬಣ್ಣ, ಡಿಸೈನ್, ಸಾಫ್ಟ್‌ವೇರ್, ಆಮೇಲೆ ಬರುತ್ತದೆ.

ಇದನ್ನು ಕಲಿತ ಮೇಲೆ ಅವಳು ತನ್ನ ಕಾರ್ಟೂನ್ ಮುಖಕ್ಕೆ ವಾಪಸ್ ಹೋಗಲಿ. ಆ ಹುಡುಗಿ ತಲೆ ತಗ್ಗಿಸಿದಾಗ ಎರಡು ಕಣ್ಣೂ ಯಾಕೆ ಬಾಗಿದ ಗೆರೆಯ ಮೇಲೆ ಕೂರುತ್ತವೆ ಅಂತ ತಾನೇ ಕಂಡುಕೊಳ್ಳುತ್ತಾಳೆ. ತಲೆಯೂ ಚೊಂಬಿನಷ್ಟೇ ದುಂಡು.

ಒಂದು ಭಾನುವಾರ ಮೂವರೂ ಬೆಂಗಳೂರಿನ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ಗೆ ಹೋಗಿ ಬನ್ನಿ. 2009ರಿಂದ ಅಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ. ಸೋಮವಾರ ರಜೆ, ನೆನಪಿರಲಿ. ಮಗಳನ್ನು ಎಲ್ಲ ಕೋಣೆಗೂ ಎಳೆದಾಡಬೇಡಿ. ಅವಳಿಗೆ ಇಷ್ಟವಾದ ಒಂದು ಚಿತ್ರದ ಮುಂದೆ ಕೂತು ಸ್ಕೆಚ್ ಮಾಡಿಕೊಳ್ಳಲಿ. ದಾರಿಯಲ್ಲಿ ಮೆಟ್ರೊ ಪ್ಲಾಟ್‌ಫಾರ್ಮಿನ ತುದಿಗೆ ಕಣ್ಣು ಹಾಯಿಸಲು ಹೇಳಿ. ಹಳಿ, ಚಾವಣಿ, ನೆಲದ ಹಳದಿ ಪಟ್ಟಿ ಎಲ್ಲವೂ ಒಂದೇ ಬಿಂದುವಿನ ಕಡೆ ಓಡುತ್ತಿರುತ್ತವೆ. ಪರ್ಸ್‌ಪೆಕ್ಟಿವ್, ಅಂದರೆ ದೂರ ಹೋದಷ್ಟೂ ಚಿಕ್ಕದಾಗಿ ಕಾಣುವುದನ್ನು ಬಿಡಿಸುವ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಬೋರ್ಡು ನನಗಂತೂ ಸಿಕ್ಕಿಲ್ಲ.

ಅವರಪ್ಪನಿಗೂ ಒಂದು ಮಾತು. ಡ್ರಾಯಿಂಗ್ ಕಲಿತರೆ ಬಯಾಲಜಿ ಡಯಾಗ್ರಾಂ ಚೆನ್ನಾಗಿ ಬರುತ್ತದೆ, ಜಿಯಾಮೆಟ್ರಿ ಸುಲಭ ಅಂತ ಹೇಳಿ ನಿಮ್ಮನ್ನು ಒಪ್ಪಿಸಬಹುದು. ಸುಳ್ಳೇನಲ್ಲ. ಆದರೆ ನನಗೆ ಆ ವಾದ ಇಷ್ಟವಿಲ್ಲ. ಚಿತ್ರಕಲೆ ಬೇರೆ ವಿಷಯಗಳ ಮನೆಯಲ್ಲಿ ಚಾಕರಿಗೆ ನಿಂತಿಲ್ಲ. ನಮ್ಮ ಬೆಂಗಳೂರಿನ ರುಮಾಲೆ ಚನ್ನಬಸವಯ್ಯ (1910–1988) ಸ್ವಾತಂತ್ರ್ಯ ಹೋರಾಟಗಾರರು. ಅವರು ಈ ಊರಿನ ಹೂಬಿಟ್ಟ ಮರಗಳನ್ನು ಮತ್ತೆ ಮತ್ತೆ ಬಿಡಿಸಿದರು. ಆ ಕ್ಯಾನ್ವಾಸುಗಳನ್ನು ನೋಡಿ ಬಂದವರಿಗೆ ತಮ್ಮ ಬೀದಿಯ ಗುಲ್‌ಮೊಹರ್ ಬೇರೆ ಥರ ಕಾಣಿಸುತ್ತದೆ. ಮಗಳಿಗೆ ಅಂಥ ಕಣ್ಣು ಬರುವುದಾದರೆ ವಾರಕ್ಕೆ ನಾಲ್ಕೈದು ಗಂಟೆ ಕೊಡಬಹುದು ಸರ್.

ಪ್ರಶ್ನೆ: ಮಿಸ್, ನಾನು ಎಸ್‌ಎಸ್‌ಎಲ್‌ಸಿ, ಕನ್ನಡ ಮೀಡಿಯಂ. ನಮ್ಮ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಿಲ್ಲ. ಮುಂದೆ ಚಿತ್ರಕಲಾ ಪರಿಷತ್ತಿನ ಕಾಲೇಜಿಗೆ ಸೇರುವ ಆಸೆ. ಅದಕ್ಕೆ ಪಿಯುಸಿಯಲ್ಲಿ ಆರ್ಟ್ಸೇ ತೆಗೆದುಕೊಳ್ಳಬೇಕಾ? ಅಪ್ಪ ಗಾರೆ ಕೆಲಸ ಮಾಡುತ್ತಾರೆ, ಬಣ್ಣಕ್ಕೆಲ್ಲ ದುಡ್ಡು ಕೇಳಲು ಮನಸ್ಸು ಬರುವುದಿಲ್ಲ.
– ವಿದ್ಯಾರ್ಥಿ, ಯಲಹಂಕ

ಉತ್ತರ: ಮಗು, ಆರ್ಟ್ಸೇ ಆಗಬೇಕು ಅಂತಿಲ್ಲ. ನಾಲ್ಕು ವರ್ಷದ ದೃಶ್ಯಕಲಾ ಪದವಿಗೆ, ಅಂದರೆ ಬಿವಿಎಗೆ, ಯಾವ ವಿಭಾಗದಲ್ಲಿ ಪಿಯುಸಿ ಪಾಸಾಗಿದ್ದರೂ ಆಗುತ್ತದೆ. ಐಐಟಿಗಳ ಡಿಸೈನ್ ಪದವಿಗೆ ಯುಸೀಡ್ ಅಂತ ಒಂದು ಪರೀಕ್ಷೆ ಇದೆ. ಅದಕ್ಕೂ ಸೈನ್ಸ್, ಕಾಮರ್ಸ್, ಆರ್ಟ್ಸ್ ಎಲ್ಲರೂ ಕೂರಬಹುದು, ಅದರಲ್ಲಿ ಡ್ರಾಯಿಂಗ್ ಪ್ರಶ್ನೆಯೂ ಇರುತ್ತದೆ. ಆರ್ಕಿಟೆಕ್ಚರ್ ಮೇಲೆ ಕಣ್ಣಿದ್ದರೆ ಮಾತ್ರ ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾತ್ಸ್ ಬೇಕೇ ಬೇಕು. ಅದನ್ನು ಅಡ್ಮಿಷನ್‌ಗೆ ಮೊದಲೇ ಯೋಚಿಸು.

ಎಸ್‌ಎಸ್‌ಎಲ್‌ಸಿಯ ಒಟ್ಟು ಅಂಕದಲ್ಲಿ ಚಿತ್ರಕಲೆಗೆ ಪಾಲಿಲ್ಲ. ಇದು ನನಗೆ ಇವತ್ತಿಗೂ ಬೇಜಾರಿನ ವಿಷಯ. ಆದರೆ ಅದೇ ಪರೀಕ್ಷಾ ಮಂಡಲಿ ಡ್ರಾಯಿಂಗ್‌ಗೆ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆ ನಡೆಸುತ್ತದೆ. ಹೆಡ್‌ಮಾಸ್ಟರ್ ಹತ್ತಿರ ಹೋಗಿ ಈ ಸಲದ ಅರ್ಜಿ ಯಾವಾಗ ಅಂತ ಕೇಳು. ಸರ್ಟಿಫಿಕೇಟಿಗಿಂತ ಅದಕ್ಕೆ ಮಾಡುವ ತಯಾರಿ ದೊಡ್ಡದು, ಹೊತ್ತು ನೋಡಿಕೊಂಡು ಚಿತ್ರ ಮುಗಿಸುವ ಅಭ್ಯಾಸವಾಗುತ್ತದೆ.

ದುಡ್ಡಿನ ಯೋಚನೆ ಈಗ ಬೇಡ. ಈ ವರ್ಷ ನಿನಗೆ ಬೇಕಾಗಿರುವುದು ಎಚ್‌ಬಿ, 2ಬಿ, 6ಬಿ ಪೆನ್ಸಿಲ್, ಒಂದು ರಬ್ಬರು. ಕಾರ್ಟ್ರಿಡ್ಜ್ ಶೀಟ್, ಅಂದರೆ ದಪ್ಪ ಡ್ರಾಯಿಂಗ್ ಹಾಳೆ, ಪರೀಕ್ಷೆಯ ತಯಾರಿಗೆ ಮಾತ್ರ. ದಿನದ ಅಭ್ಯಾಸಕ್ಕೆ ಝೆರಾಕ್ಸ್ ಅಂಗಡಿಯಲ್ಲಿ ಒಂದು ಕಡೆ ಪ್ರಿಂಟಾಗಿ ಉಳಿದ ಹಾಳೆ ಕೇಳು, ಹಳೇ ಕ್ಯಾಲೆಂಡರಿನ ಹಿಂಬದಿಯೂ ಆದೀತು. ಇದ್ದಿಲಿನ ಚೂರು ಸಿಕ್ಕರೆ ದೊಡ್ಡ ಹಾಳೆಯಲ್ಲಿ ನೆರಳು ಹಾಕುವುದನ್ನು ಕಲಿ.

ಮತ್ತೆ ಏನು ಬಿಡಿಸಲಿ ಅಂತ ಹುಡುಕಬೇಡ. ನಿಮ್ಮಪ್ಪನ ಕರಣೆ, ಬಾಂಡ್ಲಿ, ತೂಕದ ಗುಂಡು ಇವೆ. ರಜೆ ದಿನ ಅವರ ಜೊತೆ ಹೋಗು. ಸಿಮೆಂಟ್ ಬಾಂಡ್ಲಿ ಹೊತ್ತಾಗ ಕತ್ತು ಹೇಗೆ ನೆಟ್ಟಗಾಗುತ್ತದೆ, ಭಾರ ಯಾವ ಕಾಲಿನ ಮೇಲೆ ಬೀಳುತ್ತದೆ ನೋಡು. ಎರಡೇ ನಿಮಿಷದಲ್ಲಿ ಎಳೆದ ಗೆರೆಯಾದರೂ ಸಾಕು. ಕಾಲೇಜಿನವರು ನಿನ್ನ ಚಿತ್ರಗಳನ್ನು ತೋರಿಸು ಅಂದಾಗ ಎಲ್ಲರೂ ತರುವ ಸೂರ್ಯಾಸ್ತದ ಮಧ್ಯೆ ಈ ಹಾಳೆಗಳು ಎದ್ದು ಕಾಣುತ್ತವೆ. ಹಿಂದೆ ತಾರೀಖು ಬರೆದು ಎಲ್ಲವನ್ನೂ ಇಟ್ಟುಕೋ. ಕೆಟ್ಟದ್ದನ್ನೂ ಹರಿಯಬೇಡ.

ಪರಿಷತ್ತನ್ನು ಒಮ್ಮೆ ಹೋಗಿ ನೋಡಿ ಬಾ. ಕುಮಾರ ಕೃಪಾ ರಸ್ತೆಯಲ್ಲಿದೆ, 1960ರಲ್ಲಿ ಶುರುವಾದ ಸಂಸ್ಥೆ. ಅಲ್ಲಿರುವ ತೊಗಲುಗೊಂಬೆಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲು. ಚರ್ಮದಲ್ಲಿ ಕೊರೆದ ಸಣ್ಣ ಸಣ್ಣ ತೂತುಗಳೇ ಒಡವೆ, ಸೀರೆಯ ಅಂಚು ಎಲ್ಲ ಆಗಿವೆ. ಜನವರಿಯಲ್ಲಿ ಚಿತ್ರಸಂತೆ ನಡೆಯುವಾಗ ಆ ರಸ್ತೆ ತುಂಬ ಕಲಾವಿದರು ಕೂತಿರುತ್ತಾರೆ. ಬೆಳಿಗ್ಗೆ ಬೇಗ ಹೋದರೆ ಜನ ಕಡಿಮೆ. ನಾಚಿಕೊಳ್ಳದೆ ಕೇಳು, ‘ಸರ್, ಇದನ್ನು ಹೇಗೆ ಮಾಡಿದಿರಿ?’ ಅಂತ. ಮಕ್ಕಳು ಕೇಳಿದರೆ ಹೇಳದ ಕಲಾವಿದರನ್ನು ನಾನು ಅಲ್ಲಿ ಕಂಡಿಲ್ಲ.

ಪ್ರಶ್ನೆ: ನನ್ನ ವಾಟರ್ ಕಲರ್ ಯಾವಾಗಲೂ ಕೆಸರಿನ ಥರ ಆಗುತ್ತದೆ. ಯಾಕೆ ಮಿಸ್?
– ಎಂಟನೇ ತರಗತಿ, ಬನಶಂಕರಿ

ಉತ್ತರ: ಪುಟ್ಟಿ, ಬಹುಶಃ ನೀನು ಒಣಗುವ ಮೊದಲೇ ಮತ್ತೆ ಮತ್ತೆ ಬ್ರಷ್ ಆಡಿಸುತ್ತಿದ್ದೀಯ. ಒಂದು ಸಲ ಬಣ್ಣ ಹಾಕಿದ ಮೇಲೆ ಕೈ ತೆಗೆದುಬಿಡು. ಪೂರ್ತಿ ಒಣಗಿದ ಮೇಲೆ ಎರಡನೇ ಪದರ. ತಿಳಿ ಬಣ್ಣ ಮೊದಲು, ಗಾಢ ಆಮೇಲೆ. ಒಂದು ಸಲಕ್ಕೆ ಎರಡು ಬಣ್ಣಕ್ಕಿಂತ ಜಾಸ್ತಿ ಬೆರೆಸಬೇಡ. ನೆರಳಿಗೆ ಅಂತ ಕಪ್ಪು ಸೇರಿಸುವುದನ್ನೂ ಬಿಡು, ನೀಲಿಗೆ ಸ್ವಲ್ಪ ಕಂದು ಬೆರೆಸಿ ನೋಡು. ಬಿಳಿ ಎಲ್ಲಿ ಬೇಕೋ ಅಲ್ಲಿ ಹಾಳೆಯನ್ನೇ ಖಾಲಿ ಬಿಡಬೇಕು. ನೀರಿಗೆ ಎರಡು ಲೋಟ ಇಟ್ಟುಕೋ, ಒಂದು ಬ್ರಷ್ ತೊಳೆಯಲು, ಇನ್ನೊಂದು ಬಣ್ಣ ಕಲಸಲು. ಇಷ್ಟು ಮಾಡಿಯೂ ಕೆಸರಾದರೆ ಆ ಹಾಳೆಯನ್ನೇ ನನಗೆ ಕಳಿಸು, ನೋಡಿ ಹೇಳುತ್ತೇನೆ.